1969ರ ಕಮಾರೊ ಝಡ್/28: ಹುಟ್ಟಿನ ಎಂಜಿನ್ ಅದೇ ಹೌದೇ ಎಂದು ಪರೀಕ್ಷಿಸುವ ಬಗೆ

ನಮ್ಮಲ್ಲಿ ಹಳೆಯ ವಾಹನ ಕೊಳ್ಳುವವರು ಮೊದಲು ಕೇಳುವುದು ಆರ್‌ಸಿ ಪುಸ್ತಕ. ಅದರಲ್ಲಿ ಚಾಸಿ ಸಂಖ್ಯೆಯ ಜೊತೆಗೆ ಎಂಜಿನ್ ಸಂಖ್ಯೆಯೂ ಇರುತ್ತದೆ. ಎಂಜಿನ್ ಬದಲಿಸಿದರೆ ಆರ್‌ಟಿಒ ಕಚೇರಿಯಲ್ಲಿ ದಾಖಲಿಸಬೇಕು. ಅಮೆರಿಕದಲ್ಲಿ 1969ರ ಕಾರಿನ ಮಾಲೀಕತ್ವದ ಪತ್ರ ನಡೆಯುವುದು ವಿನ್ (ಕಾರಿನ ಗುರುತಿನ) ಸಂಖ್ಯೆಯ ಮೇಲೆ ಮಾತ್ರ. ಬಾನೆಟ್ ಕೆಳಗೆ ಎಂಜಿನ್ ಎಷ್ಟು ಸಲ ಬದಲಾಯಿತು ಎಂಬುದು ಯಾವ ಸರ್ಕಾರಿ ಕಡತದಲ್ಲೂ ಸಿಗುವುದಿಲ್ಲ. ಆ ಕಾಲದ ಮಸಲ್ ಕಾರುಗಳನ್ನು, ಅಂದರೆ ಭಾರಿ ಶಕ್ತಿಯ ಎಂಜಿನ್ನಿನ ಕಾರುಗಳನ್ನು, ಕೊಂಡವರೂ ಜೋಪಾನ ಮಾಡುವ ಜಾತಿಯವರಲ್ಲ. ವಾರಾಂತ್ಯಕ್ಕೆ ಡ್ರ್ಯಾಗ್ ರೇಸಿಗೆ ಒಯ್ದರು, ಎಂಜಿನ್ ಒಡೆದರು, ಕೈಗೆ ಸಿಕ್ಕ ಇನ್ನೊಂದನ್ನು ಕೂರಿಸಿ ಓಡಿಸಿದರು. ಕಾರ್ಖಾನೆಯಿಂದ ಬಂದ ಎಂಜಿನ್ ಇನ್ನೂ ಉಳಿದಿರುವ ಕಾರಿಗೆ ಇಂದು ಬೆಲೆ ಬಂದಿರುವುದು ಇದರಿಂದಲೇ. ಅಂಥ ಎಂಜಿನ್ ಇದೆಯೆಂದು ತೋರಿಸಿಕೊಳ್ಳುವ ಚಪಲವೂ ಅಲ್ಲಿಂದಲೇ ಹುಟ್ಟಿತು.

ಎಲ್ಲ ಕಂಪನಿಗಳನ್ನೂ ಒಟ್ಟಿಗೆ ಕಲಿಯಲು ಹೊರಟರೆ ತಲೆ ಕೆಡುತ್ತದೆ. ಒಂದೇ ಕಾರನ್ನು ಹಿಡಿದುಕೊಂಡು ಆಳಕ್ಕೆ ಹೋಗುವುದು ಲೇಸು. ನಾನು ಆರಿಸಿಕೊಂಡಿರುವುದು ಷೆವ್ರೊಲೆ ಕಮಾರೊ ಝಡ್/28, 1969ರ ಮಾದರಿ. ಕಾರಣ ಸರಳ: ಇದನ್ನು ಸಾಬೀತು ಮಾಡುವುದು ಕಷ್ಟ, ನಕಲು ಮಾಡುವುದು ಸುಲಭ.

ವಿನ್ ಏನು ಹೇಳುವುದಿಲ್ಲ

ಈ ಕಾರಿನ ವಿನ್ 124379ಎನ್ ಎಂದು ಶುರುವಾಗಿ ಆರು ಅಂಕಿಗಳ ಸರಣಿ ಸಂಖ್ಯೆಯಲ್ಲಿ ಮುಗಿಯುತ್ತದೆ. ಮೊದಲ 1 ಎಂದರೆ ಷೆವ್ರೊಲೆ, 24 ಎಂದರೆ ವಿ8 (ಎಂಟು ಸಿಲಿಂಡರಿನ) ಎಂಜಿನ್ನಿನ ಕಮಾರೊ, 37 ಎಂದರೆ ಎರಡು ಬಾಗಿಲಿನ ಕೂಪೆ, 9 ಎಂದರೆ 1969, ಎನ್ ಎಂದರೆ ಒಹಾಯೊ ರಾಜ್ಯದ ನಾರ್‌ವುಡ್ ಕಾರ್ಖಾನೆ. ಲಾಸ್ ಏಂಜಲೀಸ್‌ನಲ್ಲಿ ಜೋಡಿಸಿದ್ದರೆ ಎನ್ ಜಾಗದಲ್ಲಿ ಎಲ್ ಇರುತ್ತದೆ. ಗಮನಿಸಬೇಕಾದದ್ದು, ಇದರಲ್ಲಿ ಝಡ್/28 ಎಂಬ ಸುಳಿವು ಎಲ್ಲೂ ಇಲ್ಲ. ಸಾಧಾರಣ ವಿ8 ಕಮಾರೊಗೂ ಇದೇ ಆರಂಭ. ಆ ವರ್ಷ ತಯಾರಾದ 2,43,085 ಕಮಾರೊಗಳಲ್ಲಿ ಝಡ್/28 ಆಗಿದ್ದವು 20,302 ಮಾತ್ರ. ಉಳಿದ ವಿ8 ಕಾರುಗಳಿಗೆ ಪಟ್ಟೆ ಬಳಿದು, ಲಾಂಛನ ಅಂಟಿಸಿ, ಝಡ್/28 ಎಂದು ಹೇಳಿಕೊಳ್ಳುವುದಕ್ಕೆ ವಿನ್ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಎಂಜಿನ್.

ಆ ಎಂಜಿನ್ 302 ಘನ ಇಂಚಿನದು. ಟ್ರಾನ್ಸ್-ಆಮ್ ಎಂಬ ಅಮೆರಿಕದ ರೇಸ್ ಸರಣಿಯಲ್ಲಿ ಎಂಜಿನ್ 305 ಘನ ಇಂಚು, ಅಂದರೆ ಐದು ಲೀಟರ್, ಮೀರಬಾರದು ಎಂಬ ನಿಯಮವಿತ್ತು. ಅದಕ್ಕಾಗಿ ಷೆವ್ರೊಲೆ 327 ಎಂಜಿನ್ನಿನ ನಾಲ್ಕು ಇಂಚಿನ ಬೋರ್‌ಗೆ (ಸಿಲಿಂಡರಿನ ವ್ಯಾಸ) 283 ಎಂಜಿನ್ನಿನ ಮೂರು ಇಂಚಿನ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಸೇರಿಸಿತು. ಕಾಗದದ ಮೇಲೆ 290 ಅಶ್ವಶಕ್ತಿ.

ಮೂರು ಗುರುತುಗಳು, ಮೂರು ಜಾಗಗಳು

ಎಂಜಿನ್ ಮುಂದೆ ನಿಂತು ನೋಡಿ. ಪ್ರಯಾಣಿಕರ ಬದಿಯ (ಅಮೆರಿಕದ ಕಾರಿನಲ್ಲಿ ಅದು ಕಾರಿನ ಬಲಬದಿ, ಎದುರು ನಿಂತವರ ಎಡಗೈ) ಸಿಲಿಂಡರ್ ಹೆಡ್‌ನ ಮುಂಭಾಗದಲ್ಲಿ, ಬ್ಲಾಕಿನ (ಎಂಜಿನ್ನಿನ ಎರಕದ ಒಡಲು) ಮೇಲ್ಮೈ ಹೆಡ್‌ನ ಅಂಚಿನಿಂದ ಆಚೆಗೆ ಸ್ವಲ್ಪ ಚಾಚಿಕೊಂಡಿರುತ್ತದೆ. ಯಂತ್ರದಲ್ಲಿ ಸಪಾಟು ಮಾಡಿದ ಈ ಚಿಕ್ಕ ಪಟ್ಟಿಗೆ ಪ್ಯಾಡ್ ಎನ್ನುತ್ತಾರೆ. ಅದರ ಮೇಲೆ ಎಂಜಿನ್ ಜೋಡಿಸಿದ ಕಾರ್ಖಾನೆಯ ಮೊಹರು ಒತ್ತಿರುತ್ತದೆ. ಉದಾಹರಣೆಗೆ 'ವಿ0312ಡಿಝಡ್' ಎಂದಿದ್ದರೆ ವಿ ಎಂದರೆ ಮಿಷಿಗನ್‌ನ ಫ್ಲಿಂಟ್, 0312 ಎಂದರೆ ಮಾರ್ಚ್ 12, ಡಿಝಡ್ ಎಂದರೆ 1969ರ ಝಡ್/28ರ 302 ಎಂಜಿನ್. ಈ ಮೊಹರಿನಲ್ಲಿ ವರ್ಷ ಇರುವುದಿಲ್ಲ. ಬಿಗ್ ಬ್ಲಾಕ್ ಎಂಬ ದೊಡ್ಡ ಗಾತ್ರದ ಎಂಜಿನ್‌ಗಳಾದರೆ ನ್ಯೂಯಾರ್ಕ್ ರಾಜ್ಯದ ಟೊನವಾಂಡದಿಂದ ಬಂದವು, ಅವುಗಳ ಮೊದಲ ಅಕ್ಷರ ಟಿ.

ಎರಡನೆಯದು ಕಾರಿಗೇ ಸೇರಿದ ಗುರುತು: ವಿನ್‌ನ ಸಂಕ್ಷಿಪ್ತ ರೂಪ. '19ಎನ್' ಎಂದು ಆರಂಭಿಸಿ ಆರು ಅಂಕಿಗಳ ಸರಣಿ ಸಂಖ್ಯೆ. ಇದು ಪ್ಯಾಡಿನ ಮೇಲೆ ಮೊದಲ ಮೊಹರಿನ ಪಕ್ಕದಲ್ಲಾದರೂ ಇರಬಹುದು, ಅಥವಾ ಚಾಲಕನ ಬದಿಯಲ್ಲಿ ಕೆಳಗೆ, ಆಯಿಲ್ ಫಿಲ್ಟರ್ ಹತ್ತಿರದ ಒರಟು ಎರಕದ ಮೇಲಾದರೂ ಇರಬಹುದು. ಪ್ಯಾಡಿನಲ್ಲಿ ಕಾಣಲಿಲ್ಲವೆಂದು ಅಲ್ಲಿಗೇ ಬಿಡಬೇಡಿ; ಕೆಳಗೆ ಬಗ್ಗಿ ನೋಡಿ. ಇದೇ ಸಂಖ್ಯೆ ಗೇರ್‌ಬಾಕ್ಸಿನ ಮೇಲೂ ಒತ್ತಿರುತ್ತದೆ.

ಮೂರನೆಯದು ಎರಕದಲ್ಲೇ ಉಬ್ಬಿ ಬಂದ ಗುರುತು. ಬ್ಲಾಕಿನ ಹಿಂಭಾಗದಲ್ಲಿ, ಬೆಲ್‌ಹೌಸಿಂಗ್ (ಗೇರ್‌ಬಾಕ್ಸ್ ಜೋಡಿಸುವ ಗಂಟೆಯಾಕಾರದ ಕವಚ) ಕೂರುವ ಅಂಚಿನ ಮೇಲೆ, ಒಂದು ಬದಿಯಲ್ಲಿ ಎರಕದ ಸಂಖ್ಯೆ, ಇನ್ನೊಂದು ಬದಿಯಲ್ಲಿ ಎರಕ ಹೊಯ್ದ ತಾರೀಖು. 1969ರ 302ಗೆ ವರ್ಷದ ಬೇರೆ ಬೇರೆ ಹಂತಗಳಲ್ಲಿ 3932386, 3956618, 3970010 ಎಂಬ ಬ್ಲಾಕುಗಳು ಬಂದವು. ಮಾರಾಟದ ಜಾಹೀರಾತುಗಳಲ್ಲಿ '010 ಬ್ಲಾಕ್ ಇದೆ' ಎಂದು ದೊಡ್ಡದಾಗಿ ಬರೆಯುವುದನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. 010, ಅಂದರೆ 3970010, ಬ್ಲಾಕು 70ರ ದಶಕದುದ್ದಕ್ಕೂ ಕಾರು, ಟ್ರಕ್ಕುಗಳ 350 ಎಂಜಿನ್‌ಗಳಲ್ಲಿ ರಾಶಿ ರಾಶಿಯಾಗಿ ಬಳಕೆಯಾಯಿತು. ಮೇಲಿನ ಮೂರರಲ್ಲಿ ಒಂದೂ ಇಲ್ಲದಿದ್ದರೆ ಅನುಮಾನಕ್ಕೆ ಕಾರಣವಾಗಬಹುದು, 010 ಇದ್ದ ಮಾತ್ರಕ್ಕೆ ಏನೂ ಸಾಬೀತಾಗದು.

ತಾರೀಖುಗಳ ಸಾಲು

ಎರಕದ ತಾರೀಖಿನಲ್ಲಿ ತಿಂಗಳಿಗೆ ಅಕ್ಷರ: ಎ ಎಂದರೆ ಜನವರಿ, ಬಿ ಫೆಬ್ರವರಿ, ಹೀಗೆ ಎಲ್ ಎಂದರೆ ಡಿಸೆಂಬರ್. ಆಮೇಲೆ ದಿನ, ಕೊನೆಗೆ ವರ್ಷದ ಕಡೆಯ ಅಂಕಿ. 'ಸಿ 4 9' ಎಂದರೆ 1969ರ ಮಾರ್ಚ್ 4. ಅಥವಾ 1979ರ ಮಾರ್ಚ್ 4! 010 ಬ್ಲಾಕು ಅಷ್ಟು ದೀರ್ಘಕಾಲ ನಡೆದದ್ದರಿಂದ ಈ ಗೊಂದಲ ಬರಿಯ ಪುಸ್ತಕದ ಪ್ರಶ್ನೆಯಲ್ಲ. ಹತ್ತು ವರ್ಷ ಕಿರಿಯ ಬ್ಲಾಕಿನ ಪ್ಯಾಡನ್ನು ಉಜ್ಜಿ ಡಿಝಡ್ ಒತ್ತಿದರೆ ಹೊರನೋಟಕ್ಕೆ ಎಲ್ಲವೂ ಹೊಂದಿಕೊಂಡಂತೆಯೇ ಕಾಣುತ್ತದೆ.

ಈಗ ಊಹೆಯ ಒಂದು ಕಾರನ್ನು ತೆಗೆದುಕೊಳ್ಳೋಣ. ಎರಕ ಮಾರ್ಚ್ 4. ಪ್ಯಾಡಿನಲ್ಲಿ ಮಾರ್ಚ್ 12. ಎಂಜಿನ್ ಕೋಣೆಯ ಹಿಂಗೋಡೆಗೆ ಹೊಡೆದ ಟ್ರಿಮ್ ತಗಡಿನಲ್ಲಿ '03ಡಿ', ಅಂದರೆ ಮಾರ್ಚ್‌ನ ನಾಲ್ಕನೆಯ ವಾರದ ಬಾಡಿ. ಹೊಯ್ದದ್ದು ಮೊದಲು, ಜೋಡಿಸಿದ್ದು ಆಮೇಲೆ, ಕಾರಿಗೆ ಕೂರಿಸಿದ್ದು ಕೊನೆಗೆ; ಇಲ್ಲಿ ಕ್ರಮ ಸರಿಯಾಗಿದೆ, ಅಂತರವೂ ನಂಬುವಂತಿದೆ. ಅದೇ ಎರಕ 'ಸಿ 18 9' ಆಗಿದ್ದರೆ? ಮಾರ್ಚ್ 18ರಂದು ಹೊಯ್ದ ಬ್ಲಾಕಿನಿಂದ ಮಾರ್ಚ್ 12ರಂದು ಎಂಜಿನ್ ಜೋಡಿಸಲು ಯಾರಿಂದಲೂ ಆಗದು. ಅಲ್ಲಿಗೆ ಮಾತು ಮುಗಿಯಿತು. ಮೊಹರು ಒತ್ತುವವನು ಪ್ಯಾಡನ್ನು ತಿದ್ದಬಲ್ಲ. ಎರಕದಲ್ಲಿ ಉಬ್ಬಿಬಂದ ಅಂಕಿಗಳನ್ನು ತಿದ್ದುವುದು ಅಷ್ಟು ಸಲೀಸಲ್ಲ. ಆದ್ದರಿಂದ ಯಾವಾಗಲೂ ಎರಕದಿಂದ ಶುರುಮಾಡಿ ಪ್ಯಾಡಿಗೆ ಬನ್ನಿ. ಮಾರುವವರು ನಮ್ಮನ್ನು ಕರೆದೊಯ್ಯುವುದು ಇದರ ಉಲ್ಟಾ ದಾರಿಯಲ್ಲಿ.

ಸಾಮಾನ್ಯವಾಗಿ ಎಂಜಿನ್ ತಯಾರಾದ ಕೆಲವೇ ದಿನ ಅಥವಾ ವಾರಗಳಲ್ಲಿ ಕಾರಿಗೆ ಸೇರುತ್ತಿತ್ತು. ನಾಲ್ಕೈದು ತಿಂಗಳ ಅಂತರ ಕಂಡರೆ ಸುಳ್ಳೆಂದು ತೀರ್ಮಾನಿಸಬೇಕಿಲ್ಲ, ಆದರೆ ವಿವರಣೆ ಕೇಳಬೇಕು.

ಲೋಹವನ್ನು ಓದುವುದು

ಸಂಖ್ಯೆ ಸರಿಯಿದೆ, ತಾರೀಖಿನ ಕ್ರಮವೂ ಸರಿಯಿದೆ ಎಂದಾದ ಮೇಲೆ ನಿಜವಾದ ಪರೀಕ್ಷೆ ಶುರು. ಪುಸ್ತಕ ನೋಡಿಕೊಂಡು ಸರಿಯಾದ ಸಂಖ್ಯೆ ಒತ್ತಲು ಬೇಕಾದದ್ದು ಒಂದು ಸುತ್ತಿಗೆ, ಒಂದು ಸೆಟ್ ಪಂಚು. ಕಾರ್ಖಾನೆಯ ಮೇಲ್ಮೈಯನ್ನು ಮತ್ತೆ ಹುಟ್ಟಿಸುವುದು ಬೇರೆಯೇ ಕಸುಬು.

ಬ್ಲಾಕಿನ ಮೇಲ್ಮೈಯನ್ನು ಕಾರ್ಖಾನೆಯಲ್ಲಿ ಸಪಾಟು ಮಾಡುತ್ತಿದ್ದದ್ದು ಬ್ರೋಚ್ ಎಂಬ ಸಾಲು ಹಲ್ಲುಗಳ ದೊಡ್ಡ ಯಂತ್ರ. ಅದು ಬ್ಲಾಕಿನ ಉದ್ದಕ್ಕೂ ಒಂದೇ ಎಳೆತದಲ್ಲಿ ಹಾದುಹೋಗುವಾಗ ಹಲ್ಲುಗಳ ಸಣ್ಣಪುಟ್ಟ ಮುಕ್ಕುಗಳು ಸೂಕ್ಷ್ಮ ಗೆರೆಗಳಾಗಿ ಉಳಿಯುತ್ತವೆ. ಆ ಗೆರೆಗಳು ಎಂಜಿನ್ನಿನ ಮುಂದಿನಿಂದ ಹಿಂದಕ್ಕೆ ಸಮಾನಾಂತರವಾಗಿ ಹೋಗುತ್ತವೆ. ನಡುವಿನ ಅಂತರ ಮಾತ್ರ ಏಕರೂಪವಾಗಿರುವುದಿಲ್ಲ. ಹಲ್ಲನ್ನು ಮತ್ತೆ ಸಾಣೆ ಹಿಡಿಯುವವರೆಗೆ ಅದೇ ಮುಕ್ಕು ಅದೇ ಗೆರೆಯನ್ನು ಎಳೆಯುತ್ತಿತ್ತು. ಹಾಗಾಗಿ ಒಂದೇ ಅವಧಿಯಲ್ಲಿ ಕತ್ತರಿಸಿದ ಬ್ಲಾಕುಗಳಲ್ಲಿ ಗೆರೆಗಳ ವಿನ್ಯಾಸ ಹೋಲುತ್ತದೆ. ನುರಿತ ಪರೀಕ್ಷಕರು ಪ್ಯಾಡುಗಳ ಛಾಯಾಚಿತ್ರಗಳನ್ನು ವರ್ಷಗಟ್ಟಲೆ ಕೂಡಿಹಾಕುವುದು ಇದಕ್ಕೇ.

ಹಳೆಯ ಸಂಖ್ಯೆ ಅಳಿಸಬೇಕಾದರೆ ಪ್ಯಾಡನ್ನು ಉಜ್ಜಬೇಕು, ಉಜ್ಜಿದರೆ ಗೆರೆಗಳು ಹೋಗುತ್ತವೆ. ಕೆಲವರು ಆಮೇಲೆ ಮರಳು ಕಾಗದವನ್ನು ಉದ್ದಕ್ಕೆ ಎಳೆದು ಹುಸಿ ಗೆರೆ ಮೂಡಿಸುತ್ತಾರೆ. ಭೂತಗನ್ನಡಿ ಹಿಡಿದು, ಟಾರ್ಚನ್ನು ಓರೆಯಾಗಿ ಇಟ್ಟು ನೋಡಿ. ಅಸಲಿಯಲ್ಲಿ ಗೆರೆ ಮೊದಲು, ಮೊಹರು ಆಮೇಲೆ: ಅಂಕಿಯ ಅಂಚಿನಲ್ಲಿ ಲೋಹ ಕೊಂಚ ಉಬ್ಬಿ ಗೆರೆ ಅಲ್ಲಿ ಮುರಿದಿರುತ್ತದೆ. ಮೊಹರು ಒತ್ತಿದ ಮೇಲೆ ಎಳೆದ ಗೆರೆಯಾದರೆ ಆ ಉಬ್ಬೇ ಸವೆದು, ಅಂಕಿಯ ಅಂಚು ಚಪ್ಪಟೆಯಾಗಿರುತ್ತದೆ. ಹೆಡ್ ಬಿಚ್ಚುವ ಅವಕಾಶ ಸಿಕ್ಕರೆ ಬಿಡಬೇಡಿ. ಪ್ಯಾಡಿನ ಗೆರೆಗಳು ಹೆಡ್ ಮುಚ್ಚಿದ್ದ ಭಾಗದಲ್ಲೂ ತಡೆಯಿಲ್ಲದೆ ಮುಂದುವರಿಯಬೇಕು.

ಇನ್ನೊಂದು ಸೂಕ್ಷ್ಮ ನನಗೆ ಬಹಳ ಇಷ್ಟ. ಎಂಜಿನ್ ಮೊಹರು ಬಿದ್ದದ್ದು ಫ್ಲಿಂಟಿನಲ್ಲಿ. ವಿನ್ ಬಿದ್ದದ್ದು ನಾರ್‌ವುಡ್‌ನಲ್ಲಿ, ಬೇರೆ ಕೈಯಿಂದ, ಬೇರೆ ಪಂಚುಗಳಿಂದ. ಆದ್ದರಿಂದ ಎರಡರ ಅಕ್ಷರದ ಆಕಾರ, ಎತ್ತರ, ಆಳ ಬೇರೆ ಬೇರೆಯಾಗಿರುವುದೇ ಸಹಜ. ಎರಡೂ ಒಂದೇ ಕೈಬರಹದಂತೆ ಕಂಡರೆ ಎಚ್ಚರ ವಹಿಸಿ. ಕಾರ್ಖಾನೆಯ ಅಂಕಿಗಳು ಒಂದೇ ಹಿಡಿಕೆಯಲ್ಲಿ ಸಾಲಾಗಿ ಕೂರುತ್ತಿದ್ದುದರಿಂದ ಒಂದು ಮೊಹರಿನೊಳಗೆ ಸಾಲು ನೇರವಾಗಿರುತ್ತದೆ. ಆದರೆ ಏಟು ಓರೆಯಾಗಿ ಬಿದ್ದು ಒಂದು ತುದಿ ಮಸುಕಾಗಿರುವುದು, ಸುತ್ತಿಗೆ ಪುಟಿದು ನೆರಳಿನಂತೆ ಎರಡನೆಯ ಗುರುತು ಮೂಡಿರುವುದು ಎಲ್ಲ ಮಾಮೂಲು. ದಿನವಿಡೀ ನೂರಾರು ಎಂಜಿನ್‌ಗೆ ಹೊಡೆಯುತ್ತಿದ್ದ ಕಾರ್ಮಿಕನಿಗೆ ಅಂದದ ಹಂಗಿರಲಿಲ್ಲ.

ಪ್ಯಾಡ್ ಪೂರ್ತಿ ಬೋಳಾಗಿದ್ದರೆ ಅದನ್ನೂ ಮೋಸವೆಂದು ತಿಳಿಯಬೇಡಿ. ಎಂಜಿನ್ ರಿಪೇರಿಗೆ ಹೋದಾಗ ಲೇತ್ ಅಂಗಡಿಯವರು ಹೆಡ್ ಕೂರುವ ಮೇಲ್ಮೈಯನ್ನು ತೆಳುವಾಗಿ ಕೆರೆದು ಸಪಾಟು ಮಾಡುತ್ತಾರೆ. ಪ್ಯಾಡ್ ಅದೇ ಮೇಲ್ಮೈಯ ಭಾಗವಾದ್ದರಿಂದ, ಮೊದಲೇ ಹೇಳದಿದ್ದರೆ, ಸಂಖ್ಯೆಯೂ ಹೋಗುತ್ತದೆ. ಅಸಲಿ ಎಂಜಿನ್‌ಗಳು ಎಷ್ಟೋ ಹೀಗೆ ಸಾಕ್ಷ್ಯ ಕಳೆದುಕೊಂಡಿವೆ.

ಪ್ಯಾಡ್ ಸ್ವಚ್ಛ ಮಾಡುವಾಗ ತಂತಿ ಬ್ರಷ್, ಮರಳು ಕಾಗದ ಮುಟ್ಟಲೇಬೇಡಿ. ಬಣ್ಣ ಕರಗಿಸುವ ದ್ರಾವಣ, ಹತ್ತಿ ಬಟ್ಟೆ, ತಾಳ್ಮೆ ಸಾಕು. ಗ್ರೀಸು ಹೋದ ಮೇಲೆ ಎಡದಿಂದ ಒಂದು, ಬಲದಿಂದ ಒಂದು ಬೆಳಕು ಬಿಟ್ಟು ಫೋಟೊ ತೆಗೆಯಿರಿ. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುತ್ತದೆ.

ಕಾಗದ, ತಗಡು

ಎಂಜಿನ್ ಮೇಲಿನ ಸಂಖ್ಯೆ ವಿನ್ ತಗಡಿಗೆ ಹೊಂದಿದರೆ ಸಾಬೀತಾಗುವುದು ಅವೆರಡರ ಹೊಂದಾಣಿಕೆ ಮಾತ್ರ. ತಗಡೇ ಬೇರೆ ಕಾರಿನದಾಗಿದ್ದರೆ? 1969ರ ಕಮಾರೊದಲ್ಲಿ ಗಾಜಿನಡಿ ಡ್ಯಾಶ್ ಮೇಲೆ ಕಾಣುವ ತಗಡಲ್ಲದೆ, ಬಾಡಿಯ ಮರೆಯಲ್ಲೂ, ಹೀಟರ್ ಪೆಟ್ಟಿಗೆಯ ಹಿಂದೆ ಮತ್ತು ಗಾಜಿನ ಬುಡದ ಮುಚ್ಚುತಗಡಿನ ಕೆಳಗೆ, ಸಂಕ್ಷಿಪ್ತ ವಿನ್ ಒತ್ತಿರುತ್ತದೆ. ಅದನ್ನು ನೋಡಲು ಒಪ್ಪದ ಮಾರಾಟಗಾರನ ಜೊತೆ ನಾನಾದರೆ ಮಾತು ಮುಂದುವರಿಸುವುದಿಲ್ಲ.

ಟ್ರಿಮ್ ತಗಡು ನಾರ್‌ವುಡ್ ಕಾರುಗಳಲ್ಲಿ ಇನ್ನೊಂದು ಉಪಕಾರ ಮಾಡುತ್ತದೆ. 1968ರ ಡಿಸೆಂಬರ್ ನಡುವಿನಿಂದ ಅದರ ಮೇಲೆ ಎಕ್ಸ್ ಸಂಕೇತ ಬರತೊಡಗಿತು. ಎಕ್ಸ್33 ಅಥವಾ ಎಕ್ಸ್77 ಇದ್ದರೆ ಝಡ್/28. ನಮ್ಮ ಊಹೆಯ ಮಾರ್ಚ್ ಕಾರಿನಲ್ಲಿ ಇವೆರಡರಲ್ಲೊಂದು ಇರಲೇಬೇಕು. ಲಾಸ್ ಏಂಜಲೀಸ್ ಕಾರುಗಳಿಗೆ ಈ ಭಾಗ್ಯವಿಲ್ಲ.

ಕಾಗದಗಳಲ್ಲಿ ನಾನು ಹೆಚ್ಚು ಮಾನ್ಯ ಮಾಡುವುದು ಪ್ರೊಟೆಕ್ಟ್-ಓ-ಪ್ಲೇಟ್. ವಾರಂಟಿ ಪುಸ್ತಕಕ್ಕೆ ಅಂಟಿಸಿ ಕೊಡುತ್ತಿದ್ದ ಈ ಪುಟ್ಟ ಲೋಹದ ಫಲಕದಲ್ಲಿ ವಿನ್, ಎಂಜಿನ್ ಸಂಕೇತ, ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್‌ನ ಸಂಕೇತಗಳು ಉಬ್ಬಕ್ಷರದಲ್ಲಿರುತ್ತವೆ. ಇದನ್ನೂ ನಕಲು ಮಾಡುವವರಿದ್ದಾರೆ, ಆದರೂ ಬ್ಲಾಕಿನ ಜೊತೆ ತಾಳೆ ನೋಡಲು ಇದಕ್ಕಿಂತ ಒಳ್ಳೆಯದು ವಿರಳ. ಅಮೆರಿಕದಲ್ಲಿ ಮಾರಾಟವಾದ ಷೆವ್ರೊಲೆಗಳಿಗೆ ಯಾವ ಕಾರಿಗೆ ಯಾವ ಎಂಜಿನ್ ಹೋಯಿತೆಂದು ಕಾರ್ಖಾನೆಯಿಂದ ತರಿಸಿ ನೋಡುವಂಥ ದಾಖಲೆ ಉಳಿದಿಲ್ಲ. ಕೆನಡಾದಲ್ಲಿ ಮಾರಾಟವಾದವಕ್ಕೆ ಜನರಲ್ ಮೋಟಾರ್ಸ್ ಕೆನಡಾದಲ್ಲಿ ದಾಖಲೆ ಇದೆ.

ಬೇರೆ ಕಂಪನಿಗಳ ಕಾರು ಓದುವವರು ಇಷ್ಟು ಬರೆದಿಟ್ಟುಕೊಳ್ಳಿ. ಕ್ರೈಸ್ಲರ್ ಮತ್ತು ಫೋರ್ಡ್‌ಗಳಲ್ಲಿ ವಿನ್‌ನ ಐದನೆಯ ಅಕ್ಷರವೇ ಎಂಜಿನ್ ಹೇಳುತ್ತದೆ. 1970ರ ಪ್ಲಿಮತ್ ಕೂಡಾದಲ್ಲಿ ಆ ಜಾಗದಲ್ಲಿ ಆರ್ ಇದ್ದರೆ 426 ಹೆಮಿ ಎಂಜಿನ್. 1969ರ ಮಸ್ಟಾಂಗ್‌ನಲ್ಲಿ ಝಡ್ ಇದ್ದರೆ ಬಾಸ್ 429 ಎಂಜಿನ್. ಫೋರ್ಡ್‌ಗೆ 1967ರ ಮಾದರಿಯಿಂದ ಈಚೆಗೆ ಕಾರ್ಖಾನೆಯ ದಾಖಲೆಗಳಿಂದ ತಯಾರಿಸುವ ಮಾರ್ಟಿ ರಿಪೋರ್ಟ್, ಪಾಂಟಿಯಾಕ್‌ಗೆ ಪಿಎಚ್‌ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್) ದಾಖಲೆ ಸಿಗುತ್ತದೆ. ಇವು ಹೇಳುವುದು ಕಾರು ಯಾವ ಬಗೆಯ ಎಂಜಿನ್ ಹೊತ್ತು ಹೊರಬಂತು ಎಂಬುದನ್ನು. ಇಂದು ಅದರಲ್ಲಿರುವುದು ಅದೇ ಬ್ಲಾಕೇ ಎಂಬುದಕ್ಕೆ ಮತ್ತೆ ಮೊಹರನ್ನೇ ನೋಡಬೇಕು.

ಕಡೆಯದಾಗಿ, ಪ್ಯಾಡಿನ ಮೇಲೆ 'ಸಿಇ' ಎಂದು ಆರಂಭವಾಗುವ ಸಂಖ್ಯೆ ಕಂಡರೆ ಅದು ಷೆವ್ರೊಲೆ ಕಂಪನಿಯೇ ವಾರಂಟಿಯಲ್ಲಿ ಬದಲಿಸಿಕೊಟ್ಟ ಎಂಜಿನ್. ಅದರಲ್ಲಿ ಕಾರಿನ ವಿನ್ ಇರುವುದಿಲ್ಲ, ಹಾಗಾಗಿ ಹುಟ್ಟಿನ ಎಂಜಿನ್ನಿನ ಬೆಲೆ ಅದಕ್ಕೆ ಕೊಡಬೇಕಿಲ್ಲ. ಆದರೆ ಉಜ್ಜಿ ಹೊಸದಾಗಿ ಒತ್ತಿದ ಡಿಝಡ್‌ಗಿಂತ ಒರಟಾದ ಒಂದು ಸಿಇ ನನಗೆ ಹೆಚ್ಚು ಪ್ರಿಯ. ಅದರ ಜೊತೆ ಡೀಲರ್ ಕೊಟ್ಟ ದುರಸ್ತಿ ಚೀಟಿಯೂ ಉಳಿದಿದ್ದರೆ ಕೇಳಿ ಪಡೆದುಕೊಳ್ಳಿ. ಚೀಟಿಯ ತಾರೀಖನ್ನು ಆ ಬ್ಲಾಕಿನ ಎರಕದ ತಾರೀಖಿನ ಜೊತೆ ತಾಳೆ ನೋಡಿ.