ಡ್ರಾಯರ್ ಸೇರಿದ ಎರಡನೇ ಪೊಟ್ಟಣ

ಟ್ರೇಡ್ ಮಾರ್ಕ್ ವ್ಯಾಜ್ಯಕ್ಕೆಂದು ಬರುವ ಕಕ್ಷಿದಾರರು ಸಾಮಾನ್ಯವಾಗಿ ತಮ್ಮದೊಂದು, ಪ್ರತಿಸ್ಪರ್ಧಿಯದೊಂದು ಪೊಟ್ಟಣವನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಮಾತು ಆರಂಭಿಸುತ್ತಾರೆ. ನಾನು ಅದರಲ್ಲೊಂದನ್ನು ಎತ್ತಿ ಡ್ರಾಯರಿನೊಳಗೆ ಹಾಕುತ್ತೇನೆ. ಅಂಗಡಿಯಲ್ಲಿ ನಿಂತ ಗಿರಾಕಿಗೆ ಹೀಗೆ ಎರಡನ್ನೂ ಹೋಲಿಸಿ ನೋಡುವ ವ್ಯವಧಾನ ಇರುವುದಿಲ್ಲ. ಅವನ ಕೈಯಲ್ಲಿರುವುದು ಒಂದು ಪೊಟ್ಟಣ, ತಲೆಯಲ್ಲಿರುವುದು ಹಿಂದೊಮ್ಮೆ ಕೊಂಡಿದ್ದರ ಮಸುಕು ನೆನಪು.

1972ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪಾರ್ಲೆ ಬಿಸ್ಕತ್ತು ಪ್ರಕರಣ ಇಂದಿಗೂ ಉಲ್ಲೇಖವಾಗುವುದು ಇದೇ ಕಾರಣಕ್ಕೆ. ಎರಡೂ ಹೊದಿಕೆಗಳಲ್ಲಿ ಒಬ್ಬಳು ಹುಡುಗಿ, ಹತ್ತಿರದಲ್ಲಿ ಹಸು, ಮುಂದೆ ಕೋಳಿಗಳು, ಹಿಂದೆ ಬೇಲಿಯಿರುವ ತೋಟದ ಮನೆ. ಹುಡುಕಿದರೆ ವ್ಯತ್ಯಾಸಗಳು ಬೇಕಾದಷ್ಟು ಸಿಗುತ್ತಿದ್ದವು. ಆದರೆ ಇಂದು ಒಂದನ್ನು ಕಂಡವನು ಇನ್ನೊಂದು ದಿನ ಮತ್ತೊಂದನ್ನು ಅದೇ ಎಂದು ಭಾವಿಸಬಹುದು ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಹಾಗೆಂದು ಹೆಸರು ಹೋಲುವುದೊಂದೇ ಸಾಲದು. ಹಾಲು ಮಹಾಮಂಡಳದ ‘ನಂದಿನಿ’ಗೂ ‘ನಂದಿನಿ ಡೀಲಕ್ಸ್’ ಹೋಟೆಲಿಗೂ ನಡೆದ ವ್ಯಾಜ್ಯದಲ್ಲಿ 2018ರ ತೀರ್ಪು ಹೋಟೆಲಿನ ಪರವಾಗಿ ಬಂದಿತು. ಸರಕುಗಳೂ ಚಿಹ್ನೆಗಳ ನೋಟವೂ ಬೇರೆಯಾಗಿದ್ದವು.

ಕಕ್ಷಿದಾರರ ಇನ್ನೊಂದು ನಂಬಿಕೆ ನೋಂದಣಿ ಪತ್ರದ ಮೇಲಿನದು. ಅದನ್ನು ಲ್ಯಾಮಿನೇಷನ್ ಮಾಡಿಸಿ ತರುವವರೂ ಇದ್ದಾರೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಆ ಪತ್ರಕ್ಕೆ ತೂಕವಿದೆ: ಚಿಹ್ನೆ ಸಿಂಧು ಎಂಬುದಕ್ಕೆ ಅದು ಮೇಲ್ನೋಟದ ಸಾಕ್ಷ್ಯ, ಮತ್ತು ಅದಿಲ್ಲದೆ ಉಲ್ಲಂಘನೆಯ ದಾವೆಯನ್ನೇ ಹೂಡುವಂತಿಲ್ಲ. ಆದರೆ 34ನೇ ಕಲಂ ಪ್ರಕಾರ, ನೋಂದಣಿದಾರನ ಬಳಕೆ ಅಥವಾ ನೋಂದಣಿ, ಇವೆರಡರಲ್ಲಿ ಯಾವುದು ಮೊದಲೋ ಅದಕ್ಕೂ ಹಿಂದಿನಿಂದ ಚಿಹ್ನೆಯನ್ನು ನಿರಂತರವಾಗಿ ಬಳಸಿಕೊಂಡು ಬಂದವನನ್ನು ತಡೆಯಲಾಗದು. ನೋಂದಣಿಯಿಲ್ಲದ ಹಳೆಯ ವ್ಯಾಪಾರಿಗೂ ‘ಪಾಸಿಂಗ್ ಆಫ್’ ದಾವೆಯ ಬಾಗಿಲು ತೆರೆದಿದೆ. ತನ್ನ ಹೆಸರಿಗೆ ಮಾರುಕಟ್ಟೆಯಲ್ಲಿ ಮನ್ನಣೆಯಿದೆ, ಎದುರಾಳಿ ಅದೇ ಹೆಸರಿನಂತೆ ತೋರಿಸಿಕೊಂಡು ಮಾರುತ್ತಿದ್ದಾನೆ, ಅದರಿಂದ ತನಗೆ ಹಾನಿಯಾಗುತ್ತಿದೆ ಎಂಬುದನ್ನು ಅವನು ಸಾಬೀತುಪಡಿಸಬೇಕು. ಹೀಗಾಗಿ ನಾನು ಪತ್ರಕ್ಕಿಂತ ಮೊದಲು ಕೇಳುವುದು ಮೊದಲ ವರ್ಷದ ಬಿಲ್ ಪುಸ್ತಕ, ಪ್ರಿಂಟಿಂಗ್ ಪ್ರೆಸ್ಸಿನ ರಸೀದಿ, ಹಳೆಯ ಜಾಹೀರಾತಿನ ತುಣುಕು. ಗೆದ್ದಲು ಹಿಡಿದ ಬಿಲ್ ಪುಸ್ತಕವನ್ನು ಮನೆ ಸುಣ್ಣ ಹೊಡೆಸುವಾಗ ಎಸೆದೆವು ಎಂಬ ಉತ್ತರ ಕೇಳಿದಾಗೆಲ್ಲ ಅರ್ಧ ಮೊಕದ್ದಮೆ ಕೈತಪ್ಪಿದಂತೆ ಅನಿಸುತ್ತದೆ.

ಅಂತಿಮ ತೀರ್ಪಿಗೆ ವರ್ಷಗಳೇ ಹಿಡಿಯುವುದರಿಂದ ನಿಜವಾದ ಹೋರಾಟ ನಡೆಯುವುದು ತಾತ್ಕಾಲಿಕ ತಡೆಯಾಜ್ಞೆಯ ಹಂತದಲ್ಲಿ. ಮೇಲ್ನೋಟಕ್ಕೆ ಪ್ರಕರಣವಿದೆಯೇ, ಆಜ್ಞೆಯಿಂದ ಯಾರಿಗೆ ಹೆಚ್ಚು ತೊಂದರೆ, ಆಗುವ ನಷ್ಟವನ್ನು ಹಣದಿಂದ ತುಂಬಬಹುದೇ ಎಂಬುದನ್ನು ನ್ಯಾಯಾಧೀಶರು ತೂಗಿ ನೋಡುತ್ತಾರೆ. ಸೂಕ್ತ ಪ್ರಕರಣದಲ್ಲಿ ಪ್ರತಿವಾದಿಗೆ ನೋಟಿಸ್ ಹೋಗುವ ಮೊದಲೇ ಆಜ್ಞೆ ಸಿಗಬಹುದು. ಕೋರ್ಟ್ ಕಮಿಷನರ್ ಗೋದಾಮಿಗೆ ಹೋಗಿ ದಾಸ್ತಾನನ್ನು ಪಟ್ಟಿಮಾಡಿ ಮೊಹರು ಹಾಕುವುದೂ ಉಂಟು. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿ, ತುರ್ತು ಪರಿಹಾರ ಕೋರದ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಳಂಬವೊಂದರಿಂದಲೇ ತಡೆಯಾಜ್ಞೆ ತಪ್ಪುವುದಿಲ್ಲ ಎಂಬ ತೀರ್ಪುಗಳಿವೆ, ನಿಜ. ಆದರೂ ಎದುರಾಳಿಯ ನೋಂದಾಯಿತ ಚಿಹ್ನೆಯ ಬಳಕೆಯನ್ನು ತಿಳಿದೂ ನಿರಂತರವಾಗಿ ಐದು ವರ್ಷ ಸುಮ್ಮನಿದ್ದರೆ, ಆ ನೋಂದಣಿ ದುರುದ್ದೇಶದಿಂದ ಕೋರಿದ್ದಲ್ಲದಿದ್ದಲ್ಲಿ, ಟ್ರೇಡ್ ಮಾರ್ಕ್ಸ್ ಕಾಯ್ದೆಯ 33ನೇ ಕಲಂ ಅಡ್ಡ ಬರುತ್ತದೆ.

ದಾವೆ ಗೆದ್ದರೆ ಶಾಶ್ವತ ತಡೆಯಾಜ್ಞೆಯ ಜೊತೆಗೆ ನಷ್ಟಪರಿಹಾರ ಅಥವಾ ಎದುರಾಳಿ ಗಳಿಸಿದ ಲಾಭದ ಲೆಕ್ಕ, ಇವೆರಡರಲ್ಲಿ ಒಂದನ್ನು ವಾದಿ ಆರಿಸಿಕೊಳ್ಳಬಹುದು; ಉಲ್ಲಂಘಿಸಿದ ಲೇಬಲ್‌ಗಳನ್ನು ನಾಶಕ್ಕಾಗಿ ಒಪ್ಪಿಸುವಂತೆಯೂ ಆದೇಶವಾಗಬಹುದು. ಲಾಭದ ಲೆಕ್ಕ ಕೇಳುವುದಕ್ಕೆ ಚೆಂದ, ಆದರೆ ಆ ಲೆಕ್ಕ ಬರೆದವನು ಪ್ರತಿವಾದಿಯೇ ಎಂಬುದನ್ನು ಕಕ್ಷಿದಾರರು ಮರೆಯುತ್ತಾರೆ. ನಾನು ಕಂಡಂತೆ ತಡೆಯಾಜ್ಞೆ ಬಿದ್ದ ಮೇಲೆ ಹೆಚ್ಚಿನವರು ರಾಜಿಗೆ ಬರುತ್ತಾರೆ. ಹೆಸರು ಬದಲಿಸಲು ಎದುರಾಳಿ ಬೇಗ ಒಪ್ಪಿಬಿಡುತ್ತಾನೆ. ಅಚ್ಚಾಗಿ ಕುಳಿತ ಹೊದಿಕೆಗಳನ್ನು ಖಾಲಿ ಮಾಡಲು ಮೂರು ತಿಂಗಳೋ ಆರು ತಿಂಗಳೋ ಎಂಬ ಚೌಕಾಸಿಯೇ ಸಂಜೆಯವರೆಗೆ ಎಳೆಯುತ್ತದೆ.