ಇನ್ವರ್ಟರ್ ಹೋಯ್ತು ಅಂದರೆ ಮೊದಲು ಬ್ಯಾಟರಿ ಉಳಿಸಿ

ಕಂಬದ ಕರೆಂಟೇ ಇಲ್ಲದ ಮನೆಯಲ್ಲಿ ಇನ್ವರ್ಟರ್ ಕೆಡುವುದಕ್ಕೂ ಶಿರಸಿ ಪೇಟೆಯ ಮನೆಯಲ್ಲಿ ಕೆಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಪೇಟೆಯಲ್ಲಾದರೆ ಹೆಸ್ಕಾಂ ಲೈನ್ ಇದ್ದೇ ಇರುತ್ತದೆ, ಅದು ಹೋದಾಗ ಮಾತ್ರ ಕತ್ತಲೆ. ಜೋಯಿಡಾದ ಕಾಡೊಳಗಿನ ಮನೆಯಲ್ಲಿ, ಸಿದ್ದಾಪುರದ ಘಟ್ಟದಂಚಿನ ಒಂಟಿ ಮನೆಯಲ್ಲಿ ಹಾಗಲ್ಲ. ದೀಪ, ಮಿಕ್ಸಿ, ಫೋನ್ ಚಾರ್ಜ್, ಮಕ್ಕಳ ಓದು ಎಲ್ಲ ಒಟ್ಟಿಗೇ ನಿಲ್ಲುತ್ತದೆ. ಅದೂ ಹೆಚ್ಚಾಗಿ ಮಳೆಗಾಲದಲ್ಲೇ, ರಸ್ತೆ ಮೇಲೆ ಮರ ಬಿದ್ದು ಯಾರೂ ಬರಲಾಗದ ಹೊತ್ತಿನಲ್ಲೇ. ಕೈಗಾದ ಅಣುವಿದ್ಯುತ್ ಸ್ಥಾವರದಲ್ಲಿ 220 ಮೆಗಾವಾಟಿನ 4 ಘಟಕಗಳಿವೆ, ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಆದರೂ ತಂತಿ ಮುಟ್ಟದ ಮನೆಗಳು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇನ್ನೂ ಇವೆ. ಈ ಬರಹ ಆ ಮನೆಯವರಿಗೆ.

"ಇನ್ವರ್ಟರ್ ಹೋತು ತಮಾ" ಅಂತ ಯಾರೇ ಫೋನ್ ಮಾಡಿದರೂ ನಾನು ಮೊದಲು ಕೇಳುವುದು ಬ್ಯಾಟರಿಯ ಬಗ್ಗೆ. ಇನ್ವರ್ಟರ್ ರಿಪೇರಿ ಅಂಗಡಿಯಲ್ಲಿ ಒಂದು ತಿಂಗಳು ಕೂತರೂ ಅದಕ್ಕೇನೂ ಆಗುವುದಿಲ್ಲ. ಬ್ಯಾಟರಿ ಹಾಗಲ್ಲ. ಲೆಡ್ ಆಸಿಡ್ ಬ್ಯಾಟರಿಯನ್ನು ಖಾಲಿ ಮಾಡಿ ಕೆಲವು ವಾರ ಹಾಗೇ ಬಿಟ್ಟರೆ ಒಳಗಿನ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ತಾಕತ್ತು ಬರುವುದಿಲ್ಲ. ಈಗ ಬರುವ ಸೋಲಾರ್ ಇನ್ವರ್ಟರ್‌ಗಳಲ್ಲಿ ಪ್ಯಾನಲ್‌ನಿಂದ ಬ್ಯಾಟರಿ ತುಂಬಿಸುವ ಚಾರ್ಜರ್ ಕೂಡ ಅದೇ ಡಬ್ಬಿಯೊಳಗೆ ಇರುತ್ತದೆ. ಡಬ್ಬಿ ಕೆಟ್ಟಿತು ಅಂದರೆ ಚಾರ್ಜಿಂಗೂ ನಿಂತಿತು. ಮಾಡಿನ ಮೇಲೆ ಪ್ಯಾನಲ್ ಬಿಸಿಲಿಗೆ ಮೈಯೊಡ್ಡಿ ಕೂತಿರುತ್ತದೆ, ಕೆಳಗೆ ಬ್ಯಾಟರಿ ಸುಮ್ನೆ ಸಾಯುತ್ತಿರುತ್ತದೆ. ಸಾವಿರ ಎರಡು ಸಾವಿರದ ರಿಪೇರಿಗೆ ಹೋದವರು ಕೊನೆಗೆ ಬ್ಯಾಟರಿಯನ್ನೇ ಹೊಸದು ತರಬೇಕಾದದ್ದನ್ನು ನಾನು ನೋಡಿದ್ದೇನೆ. ನನಗೆ ಬೇಸರವಾಗುವುದು ಅದಕ್ಕೇ, ಯಾಕೆಂದರೆ ಅದನ್ನು ಸುಲಭವಾಗಿ ತಪ್ಪಿಸಬಹುದಿತ್ತು.

ಆದರೆ ಅದಕ್ಕೂ ಮುಂಚೆ, ಇನ್ವರ್ಟರ್ ನಿಜಕ್ಕೂ ಹೋಗಿದೆಯಾ ನೋಡಬೇಕಲ್ವಾ? ಎಷ್ಟೋ ಸಲ ಪೆಟ್ಟಿಗೆ ಸರಿಯಾಗೇ ಇರುತ್ತದೆ, ಅದಕ್ಕೆ ಕರೆಂಟ್ ಬರುವ ದಾರಿ ಕೆಟ್ಟಿರುತ್ತದೆ. ಒಂದು ಸಾಧಾರಣ ಮಲ್ಟಿಮೀಟರ್ ಮನೆಯಲ್ಲಿಟ್ಟುಕೊಳ್ಳಿ. ಕತ್ತಿ, ಬ್ಯಾಟರಿ ಟಾರ್ಚ್ ಇಟ್ಟುಕೊಂಡ ಮನೆಯವರಿಗೆ ಇದೇನು ದೊಡ್ಡದಲ್ಲ.

12 ವೋಲ್ಟಿನ ಬ್ಯಾಟರಿಯನ್ನು ಚಾರ್ಜೂ ಇಲ್ಲದೆ ಲೋಡೂ (ಕರೆಂಟ್ ಎಳೆಯುವ ದೀಪ, ಮಿಕ್ಸಿ ಏನೂ) ಇಲ್ಲದೆ ಮೂರು ನಾಲ್ಕು ಗಂಟೆ ಬಿಟ್ಟು ಅಳೆದರೆ 12.6 ಅಥವಾ 12.7 ಬಂದರೆ ತುಂಬಿದೆ. 12.2 ಹತ್ತಿರ ಬಂದರೆ ಅರ್ಧ. 11.8ಕ್ಕೆ ಇಳಿದಿದ್ದರೆ ಖಾಲಿ ಅಂತಲೇ ಲೆಕ್ಕ. ಆಗ ಇನ್ವರ್ಟರ್ ಬೀಪ್ ಹೊಡೆದು ನಿಂತರೆ ಅದು ತನ್ನ ಕೆಲಸ ತಾನು ಮಾಡಿದೆ, ಬ್ಯಾಟರಿಯನ್ನು ಕಾಪಾಡಿದೆ. ನಾಲ್ಕು ದಿನ ಮೋಡ ಹಿಡಿದು ಮಳೆ ಸುರಿದಾಗ ಹೀಗಾಗುವುದು ಸಹಜ.

ಬ್ಯಾಟರಿ ತುಂಬಿದ್ದೂ ಇನ್ವರ್ಟರ್ ನಿಲ್ಲುತ್ತಿದ್ದರೆ ತಂತಿ ಮತ್ತು ತುದಿಗಳನ್ನು ನೋಡಬೇಕು. ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ. 750 ವಾಟಿನ ಮಿಕ್ಸಿ 12 ವೋಲ್ಟಿನ ಬ್ಯಾಟರಿಯಿಂದ ಓಡಬೇಕಾದರೆ, ಇನ್ವರ್ಟರ್ ತಿನ್ನುವ ಪಾಲನ್ನೂ ಸೇರಿಸಿ, ಸುಮಾರು 75 ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಜಗಲಿಯಲ್ಲಿ, ಇನ್ವರ್ಟರ್ ಒಳಕೋಣೆಯಲ್ಲಿ, ಮಧ್ಯೆ 5 ಮೀಟರ್ ದೂರ, ಅಂಗಡಿಯಲ್ಲಿ ಸಿಕ್ಕಿತು ಅಂತ 6 ಸ್ಕ್ವೇರ್ ಎಂಎಂ ತಂತಿ ಎಳೆದಿದ್ದಾರೆ ಅಂದುಕೊಳ್ಳಿ. ಹೋಗುವ ಬರುವ ದಾರಿ ಸೇರಿ 10 ಮೀಟರ್ ತಾಮ್ರ. ಆ ತಂತಿಯಲ್ಲೇ 2 ವೋಲ್ಟಿಗಿಂತ ಜಾಸ್ತಿ ಕಳೆದುಹೋಗುತ್ತದೆ. ಬ್ಯಾಟರಿ ಹತ್ತಿರ 12.4 ತೋರಿಸುತ್ತಿದ್ದರೆ ಇನ್ವರ್ಟರ್ ಬಾಯಿಯಲ್ಲಿ 10 ಚಿಲ್ಲರೆ. ಅದಕ್ಕೆ ಬ್ಯಾಟರಿ ಖಾಲಿ ಅಂತ ಅನ್ನಿಸಿ ಆಫ್ ಆಗುತ್ತದೆ. ಅಬ್ಬಿಯಿಂದ ಅರ್ಧ ಇಂಚಿನ ಪೈಪಿನಲ್ಲಿ ನೀರು ತಂದ ಹಾಗೆ ಇದು, ಬಚ್ಚಲ ನಲ್ಲಿಗೆ ಸಾಕಾಗುತ್ತದೆ, ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟರೆ ಒತ್ತಡವೇ ಇರುವುದಿಲ್ಲ. ಅಷ್ಟು ಕರೆಂಟಿಗೆ ಆ ತಂತಿ ಬಿಸಿಯಾಗಿ ಬೆಂಕಿ ಹತ್ತುವ ಅಪಾಯ ಬೇರೆ. ಅದೇ ಬ್ಯಾಟರಿಯನ್ನು ಒಂದೂವರೆ ಮೀಟರ್ ಹತ್ತಿರಕ್ಕೆ ತಂದು 25 ಸ್ಕ್ವೇರ್ ಎಂಎಂ ತಂತಿ ಹಾಕಿದರೆ ನಷ್ಟ ಕಾಲು ವೋಲ್ಟಿಗಿಂತ ಕಮ್ಮಿ.

ಹಾಗಾಗಿ ಅಳೆಯುವುದು ಲೋಡ್ ಇರುವಾಗ, ಎರಡು ಕಡೆ. ಒಬ್ಬರು ಮಿಕ್ಸಿ ಹಾಕಲಿ, ಇನ್ನೊಬ್ಬರು ಮೊದಲು ಬ್ಯಾಟರಿಯ ಸೀಸದ ಮೊಳೆಯ ಮೇಲೇ ಮೀಟರ್ ಇಡಲಿ, ಆಮೇಲೆ ಇನ್ವರ್ಟರ್ ಟರ್ಮಿನಲ್ ಮೇಲೆ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಜಾಸ್ತಿ ಅಂತರ ಬಂದರೆ ತೊಂದರೆ ಇರುವುದು ನಡುವಿನ ತಂತಿಯಲ್ಲಿ ಇಲ್ಲವೇ ತುದಿಗಳಲ್ಲಿ. ಬ್ಯಾಟರಿಯೇ 12.6ರಿಂದ ಒಮ್ಮೆಲೇ 10ಕ್ಕೆ ಕುಸಿದರೆ ಅದರೊಳಗಿನ ಒಂದು ಸೆಲ್ ಹೋಗಿರಬಹುದು. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ 6 ಸೆಲ್ ನೋಡಿ, ಐದು ಸರಿ ಇದ್ದು ಒಂದು ಮಾತ್ರ ತೀರಾ ಕೆಳಗಿದ್ದರೆ ಅದೇ ಕಾರಣ.

ತುದಿಯ ವಿಷಯ. ಬ್ಯಾಟರಿ ಕ್ಲಾಂಪ್ ಮೇಲೆ ಬಿಳಿ, ಹಸಿರು ಪುಡಿ ಹೂವಿನ ಹಾಗೆ ಅರಳಿರುವುದನ್ನು ಎಲ್ಲರೂ ನೋಡಿದ್ದೀರಿ. ಮೇಲಿನಿಂದ ಒರೆಸಿದರೆ ಸಾಲದು. ಕ್ಲಾಂಪ್ ಬಿಚ್ಚಿ ಒಳಮೈ ನೋಡಿ, ಅಲ್ಲಿ ಕಪ್ಪಗೆ ಒಂದು ಪದರ ಕೂತಿರುತ್ತದೆ, ಉಗುರಲ್ಲಿ ಕೆರೆದರೆ ಹೋಗುವುದಿಲ್ಲ. ಕರೆಂಟನ್ನು ತಡೆಯುವುದು ಅದೇ. ಸೆಲ್‌ಗಳ ಮುಚ್ಚಳ ಭದ್ರವಾಗಿದೆಯಾ ನೋಡಿಕೊಂಡು, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಹಳೇ ಬ್ರಶ್ ಅದ್ದಿ ತಿಕ್ಕಿ, ಒಣಗಿಸಿ, ಮರಳು ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ, ಆಮೇಲೆ ಮೇಲಿನಿಂದ ವ್ಯಾಸಲೀನ್ ಸವರಿ. ಸೋಡಾ ನೀರು ಸೆಲ್ ಒಳಗೆ ಒಂದು ಹನಿಯೂ ಹೋಗಬಾರದು.

ಬಿಚ್ಚುವುದಕ್ಕೆ ಒಂದು ಕ್ರಮ ಇದೆ, ಅದನ್ನು ಮೀರಬೇಡಿ. ಮೊದಲು ಮನೆಯ ಲೋಡ್ ಎಲ್ಲ ಆಫ್, ಇನ್ವರ್ಟರ್ ಆಫ್. ಆಮೇಲೆ ಪ್ಯಾನಲ್ ಕಡೆಯ ಸ್ವಿಚ್ ಇಳಿಸಿ. ಕೊನೆಗೆ ಬ್ಯಾಟರಿ, ಅದರಲ್ಲೂ ಮೈನಸ್ ಮೊದಲು. ಜೋಡಿಸುವಾಗ ಇದರ ಉಲ್ಟಾ, ಬ್ಯಾಟರಿ ಮೊದಲು, ಪ್ಯಾನಲ್ ಕೊನೆಗೆ. ಪ್ಯಾನಲ್ ಇದ್ದಂತೆ ಬ್ಯಾಟರಿ ಬಿಚ್ಚಿದರೆ ಪ್ಯಾನಲ್‌ನ ಪೂರ್ತಿ ವೋಲ್ಟೇಜ್ ಚಾರ್ಜರ್ ಮೇಲೆ ಬಿದ್ದು ಅದು ಸುಡಬಹುದು. ಬಿಸಿಲಿನಲ್ಲಿ ಕರೆಂಟ್ ಹರಿಯುತ್ತಿರುವಾಗ ಪ್ಯಾನಲ್ ಕನೆಕ್ಟರ್ ಎಳೆಯಬೇಡಿ, ಪ್ಯಾನಲ್, ಬ್ಯಾಟರಿ ಕೊಡುವ ಡಿಸಿ ಕರೆಂಟಿನ ಕಿಡಿ ಮನೆಯ ಸ್ವಿಚ್ಚಿಗೆ ಬರುವ ಎಸಿ ಕರೆಂಟಿನ ಕಿಡಿಯ ಹಾಗೆ ತಾನಾಗಿ ಆರುವುದಿಲ್ಲ. ಪ್ಯಾನಲ್‌ಗಳನ್ನು ಸಾಲಾಗಿ ಜೋಡಿಸಿದ ದೊಡ್ಡ ಸಿಸ್ಟಂಗಳಲ್ಲಿ 100 ವೋಲ್ಟಿಗೂ ಮೇಲೆ ಇರುತ್ತದೆ, ಅದನ್ನು ಗೊತ್ತಿರುವವರೇ ಮುಟ್ಟಲಿ. ಕೈಯ ಉಂಗುರ, ಬಳೆ ತೆಗೆದಿಡಿ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಹತ್ತಿರ ಬೀಡಿ, ಚಿಮಣಿ ದೀಪ ಬೇಡ. ಆಸಿಡ್ ಮೈಗೆ ತಾಗಿದರೆ ತಡಮಾಡದೆ ಧಾರಾಳ ನೀರು ಹಾಕಿ ತೊಳೆಯಿರಿ.

ಬ್ಯಾಟರಿಯ ಪ್ಲಸ್ ತಂತಿಯಲ್ಲಿ ಒಂದು ಫ್ಯೂಸ್ ಇರಬೇಕು, ಇಲ್ಲದಿದ್ದರೆ ಇವತ್ತೇ ಹಾಕಿಸಿ. ಅದು ಹಾರಿದ್ದರೆ ಅಷ್ಟೇ ಆಂಪಿಯರಿನ ಹೊಸದು ಹಾಕಿ ನೋಡಿ. ಹಾಕಿದ ಕೂಡಲೇ ಮತ್ತೆ ಹಾರಿದರೆ ಇನ್ವರ್ಟರ್ ಒಳಗಿನ ಮಾಸ್ಫೆಟ್‌ಗಳು (ಕರೆಂಟನ್ನು ಬೇಗ ಬೇಗ ಆನ್ ಆಫ್ ಮಾಡುವ ಬಿಡಿಭಾಗ) ಶಾರ್ಟ್ ಆಗಿವೆ ಅಂತ ಲೆಕ್ಕ, ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ದೊಡ್ಡ ಫ್ಯೂಸ್ ಹಾಕುವುದು, ತಂತಿ ಸುತ್ತಿ ಬಿಡುವುದು ಖಂಡಿತ ಬೇಡ. 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಶಾರ್ಟ್ ಆದರೆ ಸಾವಿರ ಆಂಪಿಯರಿಗೂ ಮೇಲೆ ಹರಿಯುತ್ತದೆ. ಹಂಚಿನ ಮನೆ, ಮರದ ಅಟ್ಟ, ಮೇಲೆ ಒಣಗಿದ ಅಡಿಕೆ ಚೀಲ, ಏನಾಗಬಹುದು ಅಂತ ನಾನು ಹೇಳಬೇಕಾಗಿಲ್ಲ.

ಇನ್ವರ್ಟರ್ ರಿಪೇರಿಗೆ ಹೋಯಿತು, ಇನ್ನು ಮನೆ ಹೇಗೆ ನಡೆಯಬೇಕು? ಇದಕ್ಕೆ ಉತ್ತರ ಕೆಡುವ ಮೊದಲೇ ತಯಾರಿರಬೇಕು. ಪ್ಯಾನಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ಒಂದು ಸಣ್ಣ ಚಾರ್ಜ್ ಕಂಟ್ರೋಲರ್ ಮತ್ತು ನಾಲ್ಕು 12 ವೋಲ್ಟಿನ ಎಲ್‌ಇಡಿ ಬಲ್ಬು. ಇಷ್ಟೇ. ಪ್ಯಾನಲ್‌ನಿಂದ ಕಂಟ್ರೋಲರ್, ಕಂಟ್ರೋಲರಿನಿಂದ ಬ್ಯಾಟರಿ, ಅದರ ಲೋಡ್ ಬಾಯಿಂದ ಫ್ಯೂಸ್ ಮೂಲಕ ಬಲ್ಬು. ಅಡುಗೆಮನೆ, ಜಗಲಿ, ಬಚ್ಚಲು, ಕೊಟ್ಟಿಗೆಗೆ 9 ವಾಟಿನ ಒಂದೊಂದು ಬಲ್ಬನ್ನು ದಿನಕ್ಕೆ 5 ಗಂಟೆ ಉರಿಸಿದರೆ 180 ವಾಟ್ ಅವರ್, ಅಂದರೆ 15 ಎಎಚ್. 150 ಎಎಚ್ ಬ್ಯಾಟರಿಯ ಅರ್ಧವನ್ನು ಮಾತ್ರ ಬಳಸಿದರೂ ಬಿಸಿಲೇ ಇಲ್ಲದೆ 5 ದಿನ ಹೋಗುತ್ತದೆ. ಕಾರಿನ ಚಾರ್ಜರ್ ಒಂದನ್ನು ಅದೇ ಲೈನಿಗೆ ಕೊಟ್ಟರೆ ಫೋನೂ ಆಯಿತು. ಒಂದು ಎಚ್ಚರಿಕೆ ಇದೆ. 36 ಸೆಲ್ಲಿನ ಪ್ಯಾನಲ್‌ನ ಬಿಡಿ ವೋಲ್ಟೇಜ್ (ಏನನ್ನೂ ಜೋಡಿಸದೆ ಅಳೆದದ್ದು) 22ರ ಆಸುಪಾಸು, ಅದು ಸಣ್ಣ ಕಂಟ್ರೋಲರಿಗೆ ಸರಿ. ಈಗಿನ ದೊಡ್ಡ ಪ್ಯಾನಲ್‌ಗಳದ್ದು 40 ದಾಟಬಹುದು. ಪ್ಯಾನಲ್ ಹಿಂದಿನ ಚೀಟಿ ಓದಿ, ಅದನ್ನು ತಡೆಯುವ ಕಂಟ್ರೋಲರನ್ನೇ ತನ್ನಿ. ಕಂಟ್ರೋಲರ್ ಇಲ್ಲದೆ ನೇರವಾಗಿ ಕೊಡಬೇಡಿ.

ನಾನು ಹಾಕಿಸುವ ಮನೆಗಳಲ್ಲಿ ಈ ಡಿಸಿ ಲೈನನ್ನು ಕಾಯಂ ಇಡಿ ಅಂತಲೇ ಹಟ ಮಾಡುತ್ತೇನೆ. ಇನ್ವರ್ಟರ್ ಸುಮ್ನೆ ಆನ್ ಇದ್ದರೂ ಕರೆಂಟ್ ತಿನ್ನುತ್ತದೆ. 20 ವಾಟ್ ಅಂತ ಹಿಡಿದರೆ ದಿನಕ್ಕೆ 480 ವಾಟ್ ಅವರ್, ಮೇಲೆ ಹೇಳಿದ ನಾಲ್ಕು ಬಲ್ಬಿಗಿಂತ ಎರಡೂವರೆ ಪಟ್ಟು. ಆಷಾಢದ ಮೋಡದಲ್ಲಿ ಇದು ಸಣ್ಣ ಲೆಕ್ಕ ಅಲ್ಲ. ರಾತ್ರಿ ಇನ್ವರ್ಟರ್ ಆಫ್ ಮಾಡಿ ಡಿಸಿ ದೀಪದಲ್ಲಿರಿ.

ಹಳ್ಳದ ನೀರಿಗೆ ಸಣ್ಣ ಟರ್ಬೈನ್ ಕೂರಿಸಿಕೊಂಡವರು ಬೇರೆಯೇ ನಿಯಮ ನೆನಪಿಡಬೇಕು. ಪ್ಯಾನಲನ್ನು ಖಾಲಿ ಬಿಟ್ಟರೆ ಏನೂ ಆಗುವುದಿಲ್ಲ. ಟರ್ಬೈನಿನ ಲೋಡ್ ತಪ್ಪಿಸಿದರೆ ಅದು ಹುಚ್ಚು ವೇಗದಲ್ಲಿ ತಿರುಗಿ ವೋಲ್ಟೇಜ್ ಏರುತ್ತದೆ, ಬೇರಿಂಗೂ ಹೋಗಬಹುದು. ಆದ್ದರಿಂದ ಮೊದಲು ವಾಲ್ವ್ ಮುಚ್ಚಿ ನೀರು ನಿಲ್ಲಿಸಿ, ಆಮೇಲೆ ತಂತಿಗೆ ಕೈ ಹಾಕಿ. ಜಾಸ್ತಿಯಾದ ಕರೆಂಟನ್ನು ಬಚ್ಚಲಿನ ನೀರು ಕಾಯಿಸುವ ಕಾಯಿಲಿಗೆ ತಿರುಗಿಸಿದ್ದರೆ ಆ ಕಾಯಿಲ್ ಸರಿ ಇದೆಯಾ ಅಂತಲೂ ನೋಡಿ.

ರಿಪೇರಿಯಾ, ಹೊಸದಾ? ಟ್ರಾನ್ಸ್‌ಫಾರ್ಮರ್ ಇರುವ ಭಾರದ ಇನ್ವರ್ಟರ್ ಆದರೆ ರಿಪೇರಿ ಮಾಡಿಸಿ. ಮಾಸ್ಫೆಟ್, ಕೆಪಾಸಿಟರ್, ರಿಲೇ, ಫ್ಯಾನ್ ಎಲ್ಲ ಸಿಗುವ ಸಾಮಾನು. ಒಂದು ಮಾಸ್ಫೆಟ್ ಹೋಗಿದ್ದರೆ ಆ ಸಾಲಿನ ಎಲ್ಲವನ್ನೂ ಬದಲಿಸಲು ಹೇಳಿ, ಒಂದನ್ನೇ ಬದಲಿಸಿದರೆ ಬೇಗ ವಾಪಸ್ ಬರುತ್ತದೆ. ಕೈಯಲ್ಲಿ ಹಿಡಿಯುವಷ್ಟು ಹಗುರದ ಇನ್ವರ್ಟರ್ ಬೋರ್ಡ್ ಸುಟ್ಟರೆ ರಿಪೇರಿ ಕಷ್ಟ, ಕಾಡಿನ ಮನೆಗೆ ನಾನು ಅದನ್ನು ಹೇಳುವುದೂ ಇಲ್ಲ. ಹೊಸದು ಕೊಳ್ಳುವಾಗ ಸೈನ್ ವೇವ್, ಅಂದರೆ ಕಂಬದ ಕರೆಂಟಿನ ಹಾಗೇ ನಯವಾದ ಅಲೆ ಕೊಡುವಂಥದ್ದು, ಇರಲಿ, ಸ್ಕ್ವೇರ್ ವೇವಿನಲ್ಲಿ ಫ್ರಿಜ್ಜು, ಪಂಪು ಬಿಸಿಯಾಗುತ್ತವೆ. ಡಬ್ಬಿ ಮೇಲಿನ 900 ವಿಎ ಅಂದರೆ 900 ವಾಟ್ ಅಲ್ಲ, ವಾಟ್ ಎಷ್ಟು ಅಂತ ಬೇರೆಯೇ ಕೇಳಿ. ಆಗುವುದಾದರೆ 24 ವೋಲ್ಟಿಗೆ ಹೋಗಿ, ಅದೇ ಮಿಕ್ಸಿಗೆ ಅರ್ಧ ಕರೆಂಟ್ ಸಾಕು.

ಎಲ್ಲಿ ಇಡುತ್ತೀರಿ ಅನ್ನುವುದು ಇನ್ವರ್ಟರಿನ ಆಯುಷ್ಯವನ್ನೇ ಬದಲಿಸುತ್ತದೆ. ಬ್ಯಾಟರಿಯ ನೆತ್ತಿ ಮೇಲೆ ಕಪಾಟು ಮಾಡಿ ಇಡಬೇಡಿ, ಆಸಿಡ್ ಹಬೆ ಬೋರ್ಡನ್ನು ತಿನ್ನುತ್ತದೆ. ಬಚ್ಚಲ ಒಲೆಯ ಹೊಗೆ ಬರುವ ಗೋಡೆಯೂ ಬೇಡ. ಬೆಚ್ಚಗಿನ ಪೆಟ್ಟಿಗೆ ಹುಡುಕಿಕೊಂಡು ಹಲ್ಲಿ, ಇರುವೆ ಬರುತ್ತವೆ, ಗಾಳಿಕಿಂಡಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆ ಕಟ್ಟಿ, ತಿಂಗಳಿಗೊಮ್ಮೆ ಧೂಳು ಒರೆಸಿ. ಕಾರವಾರ, ಅಂಕೋಲಾ ಕಡೆ ಕಡಲ ಗಾಳಿಯ ಉಪ್ಪು ತಾಮ್ರವನ್ನು ಹಸಿರು ಮಾಡುತ್ತದೆ, ಸಮುದ್ರದ ಕಡೆ ಮುಖ ಮಾಡಿದ ಕೋಣೆ ಬಿಟ್ಟು ಒಳಗಿನ ಗೋಡೆ ಆರಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೂ ಅಕ್ಟೋಬರಿನ ಸಿಡಿಲಿಗೂ ಪ್ಯಾನಲ್ ಸ್ವಿಚ್ ಇಳಿಸುವ ಅಭ್ಯಾಸ ಇರಲಿ. ಗುಡುಗು ದೂರ ಇದ್ದಾಗಲೇ ಇಳಿಸಿ, ಮೇಲೆ ಬಂದ ಮೇಲೆ ತಂತಿ ಹತ್ತಿರ ಹೋಗಬೇಡಿ. ಪ್ಯಾನಲ್ ಚೌಕಟ್ಟು, ಇನ್ವರ್ಟರ್ ಮೈ ಎರಡರ ಅರ್ತ್ ತಂತಿಯೂ ಒಂದೇ ಕಡೆ ಸೇರಬೇಕು. ನಮ್ಮ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತ್ ಸರಿಯಾಗಿ ಹಿಡಿಯುವುದಿಲ್ಲ, ಬಚ್ಚಲ ನೀರು ಹೋಗುವ ಬಾಳೆಗಿಡದ ಬುಡದಂಥ ತಂಪು ಜಾಗದಲ್ಲಿ ಗುಂಡಿ ತೆಗೆಸಿ.

ರಿಪೇರಿಯವರಿಗೆ ಫೋನ್ ಮಾಡುವ ಮುಂಚೆ ಇಷ್ಟು ಬರೆದಿಟ್ಟುಕೊಳ್ಳಿ: ನಿಂತಾಗ ಏನು ಓಡುತ್ತಿತ್ತು, ಯಾವ ದೀಪ ಉರಿಯುತ್ತಿತ್ತು, ಬೀಪ್ ಎಷ್ಟು ಸಲ, ಸುಟ್ಟ ವಾಸನೆ ಬಂತಾ, ಲೋಡ್ ಇದ್ದಾಗ ಎರಡೂ ಕಡೆಯ ವೋಲ್ಟೇಜ್ ಎಷ್ಟು. ತಂತಿ ಬಿಚ್ಚುವ ಮೊದಲು ಫೋಟೋ ತೆಗೆದು, ಪ್ರತಿ ತಂತಿಗೂ ಟೇಪ್ ಸುತ್ತಿ ಹೆಸರು ಬರೆಯಿರಿ. ನಿಮ್ಮ ಮನೆಗೆ ಬರಲು ಹಳ್ಳ ದಾಟಿ ಎರಡು ತಾಸು ನಡೆಯಬೇಕಾದವನಿಗೆ ಯಾವ ಸಾಮಾನು ಹೊತ್ತು ತರಬೇಕು ಅಂತ ಅದರಿಂದಲೇ ಗೊತ್ತಾಗುತ್ತದೆ.