ಶಾರ್ಟ್‌ಕಟ್ ವೈರಸ್ ಬಂದಿದೆ, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಲೇಬೇಕೇ?

ಪ್ರಶ್ನೆ: ಮಗಳ ಕಾಲೇಜಿನ ಪ್ರಾಜೆಕ್ಟ್ ಮುದ್ರಿಸಲು ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದೆವು. ಮನೆಗೆ ತಂದು ಕಂಪ್ಯೂಟರ್‌ಗೆ ಹಾಕಿದಾಗ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದವು. ಒಂದೆರಡನ್ನು ಒತ್ತಿಯೂ ನೋಡಿದೆವು. ಈಗ ಯಾವ ಪೆನ್‌ಡ್ರೈವ್ ಹಾಕಿದರೂ ಅದೇ ಗತಿ. ಇದಲ್ಲದೆ ಪರದೆಯ ಬಲ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್‌ನಲ್ಲಿ ಐದು ವೈರಸ್‌ಗಳಿವೆ’ ಎಂಬ ಚೌಕವೊಂದು ಪದೇ ಪದೇ ಮೂಡುತ್ತದೆ. ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲ, ಡಾಟಾ ಉಳಿಯುತ್ತದೆಂದು ಹೇಳಲಾಗದು ಎಂದು ರಿಪೇರಿಯವರು ಹೇಳುತ್ತಾರೆ. ಮಂಡಿಪೇಟೆಯಲ್ಲಿರುವ ನಮ್ಮ ಮನೆಯವರ ಅಂಗಡಿಯ ಟ್ಯಾಲಿ ಲೆಕ್ಕ, ನನ್ನ ಶಾಲೆಯ ನುಡಿ ಫೈಲುಗಳು ಎಲ್ಲವೂ ಅದರಲ್ಲೇ ಇವೆ. ಫಾರ್ಮ್ಯಾಟ್ ಮಾಡಿಸಲೇಬೇಕೇ?
ಓದುಗರೊಬ್ಬರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ನೀವು ಬರೆದಿರುವ ಲಕ್ಷಣಗಳಿಗೆ ಬೇಡ. ಕೆಲವು ಸಂದರ್ಭಗಳಲ್ಲಿ ಫಾರ್ಮ್ಯಾಟ್ ಬೇಕೇ ಬೇಕು, ಅವನ್ನು ಮುಂದೆ ಹೇಳುತ್ತೇನೆ. ಆದರೆ ನಮ್ಮ ಊರುಗಳಲ್ಲಿ ಕಂಪ್ಯೂಟರ್‌ಗೆ ಏನೇ ಆದರೂ ಮೊದಲು ಕೇಳಿಬರುವ ಮಾತೇ ಫಾರ್ಮ್ಯಾಟ್, ಅಂದರೆ ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ರಿಪೇರಿಯವರನ್ನೇ ಪೂರ್ತಿ ದೂರುವುದೂ ಸರಿಯಲ್ಲ. ಫಾರ್ಮ್ಯಾಟ್ ಎಂದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಅವರಿಗೆ ಗೊತ್ತು. ರೋಗ ಎಲ್ಲಿದೆ ಎಂದು ಹುಡುಕುತ್ತ ಒಂದು ಸಂಜೆ ಕೂತರೆ ಅದಕ್ಕೆ ಹಣ ಕೊಡುವ ಗಿರಾಕಿ ಸಿಗುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಹಗುರವಾದುದನ್ನು ಮೊದಲು ಮುಗಿಸಿಬಿಡೋಣ.

ಬಲ ಮೂಲೆಯ ಆ ಚೌಕ ಬಹುತೇಕ ವೈರಸ್ಸೇ ಅಲ್ಲ, ಬ್ರೌಸರ್ ಮೂಲಕ ಬರುವ ಜಾಹೀರಾತು. ಯಾವುದೋ ಜಾಲತಾಣದಲ್ಲಿ ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ಕೇಳಿದ್ದಾಗ ಮನೆಯಲ್ಲಿ ಯಾರೋ ಒತ್ತಿರುತ್ತಾರೆ. ಅಂದಿನಿಂದ ಆ ತಾಣಕ್ಕೆ ನಿಮ್ಮ ಪರದೆಯ ಮೇಲೆ ಸೂಚನೆ ಕಳಿಸುವ ಅನುಮತಿ ಸಿಕ್ಕಿದೆ. ಚೌಕವನ್ನು ಗಮನವಿಟ್ಟು ನೋಡಿ, ಬ್ರೌಸರಿನ ಹೆಸರೂ ತಾಣದ ವಿಳಾಸವೂ ಸಣ್ಣ ಅಕ್ಷರದಲ್ಲಿ ಇರುತ್ತವೆ. ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಷನ್ಸ್ ತೆರೆಯಿರಿ. ಅನುಮತಿ ಪಡೆದವರ ಪಟ್ಟಿಯಲ್ಲಿ ಪರಿಚಯವಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ. ಅಲ್ಲಿಗೆ ಐದು ವೈರಸ್‌ಗಳೂ ಮಾಯ. ಚೌಕದಲ್ಲಿ ಫೋನ್ ನಂಬರ್ ಇದ್ದರೆ ಕರೆ ಮಾಡಬೇಡಿ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದಿಲ್ಲ.

ಇನ್ನು ಶಾರ್ಟ್‌ಕಟ್ ವಿಷಯ. ಇದು ನಿಜವಾದ ಸೋಂಕು, ಆದರೆ ನೋಡಲು ಕಾಣುವಷ್ಟು ಭಯಂಕರವಲ್ಲ. ನಿಮ್ಮ ಫೋಲ್ಡರುಗಳು ಎಲ್ಲಿಗೂ ಹೋಗಿಲ್ಲ. ಪೆನ್‌ಡ್ರೈವ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿದರೆ ಬಳಕೆಯಾದ ಜಾಗ ಮೊದಲಿನಷ್ಟೇ ಇರುತ್ತದೆ. ವೈರಸ್ ಮಾಡಿರುವುದು ಇಷ್ಟೇ: ಅಸಲಿ ಫೋಲ್ಡರುಗಳಿಗೆ ‘ಹಿಡನ್’ ಮತ್ತು ‘ಸಿಸ್ಟಮ್’ ಎಂಬ ಎರಡು ಗುರುತು ಹಚ್ಚಿ ಕಣ್ಣಿಗೆ ಕಾಣದಂತೆ ಮಾಡಿ, ಅವೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದೆ ಇಟ್ಟಿದೆ. ಶಾರ್ಟ್‌ಕಟ್ ಒತ್ತಿದಾಗ ಮೊದಲು ವೈರಸ್ಸಿನ ಸ್ಕ್ರಿಪ್ಟ್ (ಆದೇಶಗಳಿರುವ ಸಣ್ಣ ಫೈಲು) ಓಡುತ್ತದೆ, ಆಮೇಲೆ ಅಸಲಿ ಫೋಲ್ಡರ್ ತೆರೆದುಕೊಳ್ಳುತ್ತದೆ. ಫೈಲು ಸಿಕ್ಕಿತಲ್ಲ ಎಂದು ನಾವು ಸುಮ್ಮನಾಗುತ್ತೇವೆ. ಅಷ್ಟರಲ್ಲಿ ಅದು ಕಂಪ್ಯೂಟರ್ ಒಳಗೆ ಒಂದು ಪ್ರತಿ ಇಳಿಸಿಕೊಂಡು, ಪ್ರತಿ ಸಲ ಕಂಪ್ಯೂಟರ್ ಶುರುವಾದಾಗ ತಾನೂ ಏಳುವ ವ್ಯವಸ್ಥೆ ಮಾಡಿಕೊಂಡಿರುತ್ತದೆ.

ಇಷ್ಟು ಸುತ್ತಿನ ದಾರಿಗೂ ಕಾರಣವಿದೆ. ಹಿಂದೆ ಪೆನ್‌ಡ್ರೈವ್ ಹಾಕಿದ ಕೂಡಲೇ ಅದರಲ್ಲಿದ್ದುದು ತಾನಾಗಿಯೇ ಓಡುವ ಸೌಲಭ್ಯ ವಿಂಡೋಸ್‌ನಲ್ಲಿತ್ತು. 2008ರಲ್ಲಿ ಜಗತ್ತನ್ನೆಲ್ಲ ಕಾಡಲು ಶುರುಮಾಡಿದ ಕಾನ್‌ಫಿಕರ್ ಎಂಬ ವೈರಸ್ ಹರಡಿದ ದಾರಿಗಳಲ್ಲಿ ಅದೂ ಒಂದು. 2009ರ ವಿಂಡೋಸ್ 7ರಿಂದ ಪೆನ್‌ಡ್ರೈವ್‌ಗಳಿಗೆ ಮೈಕ್ರೋಸಾಫ್ಟ್ ಆ ಬಾಗಿಲು ಮುಚ್ಚಿತು. ತಾನಾಗಿ ಓಡಲಾಗದ ವೈರಸ್‌ಗೆ ನಿಮ್ಮ ಬೆರಳೇ ಬೇಕಾಯಿತು, ಅದಕ್ಕೇ ಫೋಲ್ಡರಿನ ವೇಷ. ಕಾಲೇಜುಗಳು ತುಂಬಿರುವ ದಾವಣಗೆರೆಯಲ್ಲಿ ಪ್ರಾಜೆಕ್ಟ್ ಸಲ್ಲಿಸುವ ದಿನಗಳಲ್ಲಿ ಜೆರಾಕ್ಸ್ ಅಂಗಡಿಯ ಒಂದೇ ಕಂಪ್ಯೂಟರ್ ಎಷ್ಟು ಪೆನ್‌ಡ್ರೈವ್‌ಗಳನ್ನು ಕಾಣುತ್ತದೆ ಎಂದು ಯೋಚಿಸಿದರೆ ಈ ಹಳೆಯ ತಂತ್ರ ಇನ್ನೂ ಏಕೆ ಸತ್ತಿಲ್ಲ ಎಂಬುದು ತಿಳಿಯುತ್ತದೆ.

ಶುಚಿ ಮಾಡುವಾಗ ಕಂಪ್ಯೂಟರ್ ಮೊದಲು, ಪೆನ್‌ಡ್ರೈವ್ ಆಮೇಲೆ. ಹೆಚ್ಚಿನವರು ಪೆನ್‌ಡ್ರೈವ್ ಶುಚಿ ಮಾಡಿ ಅದೇ ಕಂಪ್ಯೂಟರ್‌ಗೆ ಹಾಕುತ್ತಾರೆ, ಅರೆಕ್ಷಣದಲ್ಲಿ ಮತ್ತೆ ಶಾರ್ಟ್‌ಕಟ್. ಎಲ್ಲ ಪೆನ್‌ಡ್ರೈವ್‌ಗಳನ್ನೂ ಕಿತ್ತಿಡಿ. ಟಾಸ್ಕ್ ಮ್ಯಾನೇಜರ್ ತೆರೆದು ‘ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್’ ಓಡುತ್ತಿದೆಯೇ ನೋಡಿ. ಮನೆಯ ಕಂಪ್ಯೂಟರ್‌ನಲ್ಲಿ ಅದು ಸದಾ ಓಡುತ್ತಿರಲು ಸಾಮಾನ್ಯವಾಗಿ ಕಾರಣವಿಲ್ಲ, ಎಂಡ್ ಟಾಸ್ಕ್ ಒತ್ತಿ. ಅಲ್ಲೇ ಸ್ಟಾರ್ಟಪ್ ವಿಭಾಗದಲ್ಲಿ ಗುರುತಿಲ್ಲದ ಸ್ಕ್ರಿಪ್ಟ್ ಇದ್ದರೆ ಡಿಸೇಬಲ್ ಮಾಡಿ.

ಆಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ ತೆರೆಯಿರಿ. ಸ್ಕ್ಯಾನ್ ಶುರುಮಾಡುವ ಮುಂಚೆ ಒಂದು ಜಾಗವನ್ನು ತಪ್ಪದೆ ನೋಡಬೇಕು, ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ ಎಕ್ಸ್‌ಕ್ಲೂಷನ್ಸ್ ಪಟ್ಟಿ. ‘ಇವುಗಳನ್ನು ಪರೀಕ್ಷಿಸಬೇಡ’ ಎಂದು ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್‌ಗೆ ಹೇಳುವ ಪಟ್ಟಿ ಇದು. ಕಳ್ಳ ತಂತ್ರಾಂಶಗಳು ಇಡೀ ಸಿ ಡ್ರೈವನ್ನೇ ಇದರಲ್ಲಿ ಸೇರಿಸಿಬಿಟ್ಟಿರುವುದುಂಟು. ಹಾಗಾಗಿದ್ದರೆ ಎಷ್ಟು ಸಲ ಸ್ಕ್ಯಾನ್ ಮಾಡಿದರೂ ‘ತೊಂದರೆಯಿಲ್ಲ’ ಎಂಬ ಉತ್ತರವೇ ಬರುತ್ತದೆ. ನೀವೇ ಸೇರಿಸದ ಸಾಲುಗಳನ್ನು ಅಳಿಸಿ. ಬಳಿಕ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಫುಲ್ ಸ್ಕ್ಯಾನ್ ಮುಗಿಸಿ, ಕೊನೆಗೆ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಮಾಡಿ. ಇದರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಪರೀಕ್ಷೆ ನಡೆಯುತ್ತದೆ, ಸುಮಾರು 15 ನಿಮಿಷ ಹಿಡಿಯುತ್ತದೆ. ವಿಂಡೋಸ್ ಜೊತೆ ಎದ್ದು ಅಡಗಿಕೊಳ್ಳುವ ವೈರಸ್‌ಗೆ ಇಲ್ಲಿ ಅವಕಾಶವಿಲ್ಲ. ಇದಕ್ಕೆ ಬೇರೆ ಆ್ಯಂಟಿವೈರಸ್ ಕೊಳ್ಳಬೇಕಿಲ್ಲ. ಎರಡೆರಡು ಆ್ಯಂಟಿವೈರಸ್ ಒಟ್ಟಿಗೆ ಹಾಕಿದರೆ ಒಂದರ ಕಾಲಿಗೆ ಇನ್ನೊಂದು ತೊಡರುತ್ತದೆ ಅಷ್ಟೆ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಉಚಿತ ಸಾಧನಗಳು ಸಿಗುತ್ತವೆ.

ಈಗ ಪೆನ್‌ಡ್ರೈವ್ ಹಾಕಿ, ಅದನ್ನೂ ಸ್ಕ್ಯಾನ್ ಮಾಡಿ, ಏನನ್ನೂ ಒತ್ತಬೇಡಿ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಪಟ್ಟಿಯಲ್ಲಿ ‘ಹಿಡನ್ ಐಟಮ್ಸ್’ ಆರಿಸಿ. ಅಷ್ಟು ಸಾಲದು. ಆಪ್ಷನ್ಸ್ ಒಳಗಿನ ವ್ಯೂ ಪುಟದಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎಂಬುದರ ಮುಂದಿನ ಗುರುತನ್ನೂ ತೆಗೆಯಬೇಕು. ಅಸಲಿ ಫೋಲ್ಡರುಗಳು ಮಸುಕಾಗಿ ಕಾಣಿಸುತ್ತವೆ. ಕೆಲವು ತಳಿಯ ವೈರಸ್ ಎಲ್ಲವನ್ನೂ ಹೆಸರೇ ಇಲ್ಲದ ಒಂದು ಫೋಲ್ಡರಿಗೆ ತಳ್ಳಿರುತ್ತದೆ, ಕಕ್ಕಾಬಿಕ್ಕಿಯಾಗಬೇಡಿ. ಒಳಗಿರುವ ನಿಮ್ಮ ಫೈಲುಗಳನ್ನು ಮಾತ್ರ ಆರಿಸಿ ಕಂಪ್ಯೂಟರ್‌ನಲ್ಲಿ ಹೊಸ ಫೋಲ್ಡರ್ ಮಾಡಿ ಅದಕ್ಕೆ ಕಾಪಿ ಮಾಡಿ. ವರ್ಡ್, ಎಕ್ಸೆಲ್, ಪಿಡಿಎಫ್, ಫೋಟೋಗಳು ಸಾಕು. ಶಾರ್ಟ್‌ಕಟ್, ಸ್ಕ್ರಿಪ್ಟ್, ನೀವು ಹಾಕಿರದ ಪ್ರೋಗ್ರಾಂ ಯಾವುದೂ ಬೇಡ. ಬಳಿಕ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ, ವ್ಯೂನಲ್ಲಿ ನೀವು ಬದಲಿಸಿದ್ದ ಆ ಎರಡು ಆಯ್ಕೆಗಳನ್ನು ಮೊದಲಿನಂತೆಯೇ ಇಡಿ.

ಹಾಗಾದರೆ ಫಾರ್ಮ್ಯಾಟ್ ಯಾವಾಗ ಬೇಕು? ಡಿಫೆಂಡರ್ ಅನ್ನು ಚಾಲೂ ಮಾಡಲೇ ಆಗದಿದ್ದರೆ, ಆಫ್‌ಲೈನ್ ಸ್ಕ್ಯಾನ್ ಆದ ಮೇಲೂ ವೈರಸ್ ಮರಳಿ ಬರುತ್ತಿದ್ದರೆ ಬೇಕು. ಅದಕ್ಕಿಂತ ಗಂಭೀರವಾದದ್ದು ಕ್ರ್ಯಾಕ್ ಮಾಡಿದ, ಅಂದರೆ ಪರವಾನಗಿಯ ಬೀಗ ಮುರಿದ ತಂತ್ರಾಂಶ ಅಥವಾ ಗೇಮ್ ಇಳಿಸಿಕೊಂಡು, ಅದು ಹೇಳಿದಂತೆ ಆ್ಯಂಟಿವೈರಸ್ ಬಂದ್ ಮಾಡಿ ಇನ್‌ಸ್ಟಾಲ್ ಮಾಡಿದ ಪ್ರಕರಣ. ಈಚಿನ ಇನ್ನೊಂದು ಮೋಸದಲ್ಲಿ ಜಾಲತಾಣವೇ ‘ವಿಂಡೋಸ್ ಗುಂಡಿ ಮತ್ತು ಆರ್ ಒತ್ತಿ, ಪೇಸ್ಟ್ ಮಾಡಿ, ಎಂಟರ್ ಕೊಡಿ’ ಎಂದು ಹೇಳುತ್ತದೆ, ಪೇಸ್ಟ್ ಆಗುವುದು ವೈರಸ್ ಇಳಿಸುವ ಆದೇಶ. ಇವುಗಳ ಗುರಿ ನಿಮ್ಮ ಕಂಪ್ಯೂಟರ್ ಕೆಡಿಸುವುದಲ್ಲ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಲಾಗಿನ್ ಆಗಿರುವ ಖಾತೆಗಳ ಕೀಲಿಗಳನ್ನೂ ಕದ್ದು ಕಳಿಸುವುದು. ಕಂಪ್ಯೂಟರ್ ಒಂಚೂರೂ ನಿಧಾನವಾಗದೆ ಇರಬಹುದು. ಇಲ್ಲಿ ಇಂಟರ್ನೆಟ್ ಕಿತ್ತು, ಮೊಬೈಲ್‌ನಿಂದ ಮೊದಲು ಇಮೇಲ್, ಆಮೇಲೆ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, ಗೂಗಲ್ ಖಾತೆಯನ್ನು ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿ, ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸಸ್ ಪಟ್ಟಿ ನೋಡಿ. ಫಾರ್ಮ್ಯಾಟ್ ಅದರ ನಂತರದ ಕೆಲಸ, ಏಕೆಂದರೆ ಕಳುವಾದ ಪಾಸ್‌ವರ್ಡ್ ಫಾರ್ಮ್ಯಾಟ್‌ನಿಂದ ಮರಳಿ ಬರುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಫೈಲುಗಳ ಹೆಸರಿನ ಬಾಲ ಬದಲಾಗಿ, ತೆರೆಯಲಾಗದೆ, ಹಣ ಕೇಳುವ ಚೀಟಿ ಪ್ರತಿ ಫೋಲ್ಡರಿನಲ್ಲೂ ಕಂಡರೆ ಅದು ರ್‍ಯಾನ್ಸಮ್‌ವೇರ್. ಹಣ ಕೊಡಬೇಡಿ, ಬ್ಯಾಕಪ್ ಡಿಸ್ಕ್ ಚುಚ್ಚಬೇಡಿ. ಬೀಗ ಬಿದ್ದ ಫೈಲುಗಳನ್ನೂ ಎಸೆಯಬೇಡಿ, ಬೇರೆಡೆ ಇಡಿ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು ಸುರಕ್ಷತಾ ಸಂಸ್ಥೆಗಳೊಡನೆ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ್‍ಯಾನ್ಸಮ್’ ತಾಣದಲ್ಲಿ ಕೆಲವು ತಳಿಗಳ ಬೀಗ ತೆಗೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಇಂದು ಇಲ್ಲದ ಕೀಲಿ ಮುಂದೊಮ್ಮೆ ಬರಬಹುದು.

ಫಾರ್ಮ್ಯಾಟ್‌ಗೆ ಮನಸ್ಸು ಮಾಡಿದಿರಿ ಎಂದುಕೊಳ್ಳೋಣ. ‘ಡಾಟಾ ಉಳಿಯುತ್ತದೆಂದು ಹೇಳಲಾಗದು’ ಎಂಬ ಮಾತನ್ನು ಒಪ್ಪಿಕೊಳ್ಳಬೇಡಿ. ಡಿಸ್ಕ್ ಕೆಟ್ಟಿಲ್ಲವಾದರೆ ಡಾಟಾ ತೆಗೆದಿಟ್ಟೇ ಫಾರ್ಮ್ಯಾಟ್ ಮಾಡಬಹುದು. ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿದರೆ ಡಿ ಡ್ರೈವ್ ಹಾಗೆಯೇ ಇರುತ್ತದೆ. ತೊಂದರೆ ಇರುವುದು ಬೇರೆ ಕಡೆ: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ, ನಮ್ಮವರು ಎಲ್ಲವನ್ನೂ ಇಡುವುದು ಡೆಸ್ಕ್‌ಟಾಪ್ ಮೇಲೆಯೇ.

ಟ್ಯಾಲಿಯ ಲೆಕ್ಕ ಡೆಸ್ಕ್‌ಟಾಪ್‌ನಲ್ಲಿ ಕಾಣುವ ಚಿತ್ರದಲ್ಲಿ ಇರುವುದಿಲ್ಲ, ಅದು ಬರೀ ಬಾಗಿಲು. ಕಂಪನಿ ಆರಿಸುವ ಪರದೆಯಲ್ಲಿ ಡಾಟಾ ಯಾವ ಫೋಲ್ಡರಿನಲ್ಲಿದೆ ಎಂಬುದು ಬರೆದಿರುತ್ತದೆ, ಅದನ್ನು ಗುರುತು ಹಾಕಿಕೊಳ್ಳಿ. ಟ್ಯಾಲಿಯ ಒಳಗಿನ ಬ್ಯಾಕಪ್ ತೆಗೆಯಿರಿ, ಆ ಫೋಲ್ಡರನ್ನೂ ಇಡಿಯಾಗಿ ಕಾಪಿ ಮಾಡಿ. ಪರವಾನಗಿಯನ್ನು ಮೊದಲೇ ಸರೆಂಡರ್ ಮಾಡಿಟ್ಟರೆ ಮರಳಿ ಹಾಕುವಾಗ ತಕರಾರು ಬರುವುದಿಲ್ಲ. ಬ್ಯಾಕಪ್ ಇರುವ ಡಿಸ್ಕನ್ನು ಬೇರೊಂದು ಕಂಪ್ಯೂಟರ್‌ನಲ್ಲಿ ಸ್ಕ್ಯಾನ್ ಮಾಡಿಸಿ, ಫೈಲು ತೆರೆಯುತ್ತದೆಯೇ ಎಂದು ನೋಡಿದ ಮೇಲೆಯೇ ಮುಂದಿನ ಹೆಜ್ಜೆ.

ನುಡಿ ಫೈಲುಗಳದು ಇನ್ನೊಂದು ಕಥೆ. ಫಾರ್ಮ್ಯಾಟ್ ಆದ ಮೇಲೆ ಶಾಲೆಯ ಹಳೆಯ ಪತ್ರ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ವೈರಸ್ ಫೈಲನ್ನು ತಿಂದಿತು ಎಂದು ಗಾಬರಿಯಾಗಿ ಅಳಿಸಿದವರಿದ್ದಾರೆ. ಏನೂ ಆಗಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಟೈಪಿಸಿದ ಬರಹ ಆ ಫಾಂಟ್ ಇಲ್ಲದೆ ಹಾಗೆಯೇ ಕಾಣುತ್ತದೆ. ನುಡಿ ಮತ್ತೆ ಇನ್‌ಸ್ಟಾಲ್ ಮಾಡಿದರೆ ಪತ್ರ ಇದ್ದಂತೆಯೇ ತೆರೆದುಕೊಳ್ಳುತ್ತದೆ.

ವಿಂಡೋಸ್ 10 ಮತ್ತು 11ರಲ್ಲಿ ಫಾರ್ಮ್ಯಾಟ್‌ಗೆ ಸಿಡಿಯೂ ಬೇಡ. ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಲ್ಲಿ ‘ರೀಸೆಟ್ ದಿಸ್ ಪಿಸಿ’ ಇದೆ. ಪಾಸ್‌ವರ್ಡ್ ಕಳ್ಳ ಹೊಕ್ಕಿದ್ದರೆ ‘ರಿಮೂವ್ ಎವೆರಿಥಿಂಗ್’ ಆರಿಸಿ, ಜೊತೆಗೆ ‘ಕ್ಲೌಡ್ ಡೌನ್‌ಲೋಡ್’. ಇದಕ್ಕೆ 4 ಜಿಬಿಯಷ್ಟು ಡಾಟಾ ಬೇಕಾಗುತ್ತದೆ, ಆದರೆ ವಿಂಡೋಸ್ ಹೊಸದಾಗಿ ಮೈಕ್ರೋಸಾಫ್ಟ್‌ನಿಂದಲೇ ಬರುತ್ತದೆ. ಹೊಸ ಲ್ಯಾಪ್‌ಟಾಪ್ ಆದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಗಳ ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಮೊದಲೇ ಬರೆದಿಟ್ಟುಕೊಳ್ಳಿ. ನಡುವೆ ಕರೆಂಟ್ ಹೋದರೆ ಇಡೀ ಕೆಲಸ ಕೆಡಬಹುದು, ಯುಪಿಎಸ್ ಇಲ್ಲದವರು ಹೊತ್ತು ನೋಡಿ ಶುರುಮಾಡುವುದು ಒಳ್ಳೆಯದು.

ಅಂಗಡಿಯಲ್ಲೇ ಮಾಡಿಸುವುದಾದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಿ: ಆಕ್ಟಿವೇಟರ್ ಹಾಕಬಾರದು. ಕಳ್ಳ ವಿಂಡೋಸ್‌ಗೆ ಜೀವ ಕೊಡುವ ಈ ಪ್ರೋಗ್ರಾಂ ಓಡಲು ಹೆಚ್ಚಾಗಿ ಡಿಫೆಂಡರನ್ನು ಬಂದ್ ಮಾಡಬೇಕಾಗುತ್ತದೆ, ಇದರ ಜೊತೆಯಲ್ಲೇ ವೈರಸ್ ಬರುವುದು ಸಾಮಾನ್ಯ. ವೈರಸ್ ತೆಗೆಸಲು ಹಣ ಕೊಟ್ಟು ಹೊಸ ವೈರಸ್ ತುಂಬಿಸಿಕೊಂಡು ಬಂದಂತಾಗುತ್ತದೆ. ನನಗೆ ಇದರಷ್ಟು ಸಿಟ್ಟು ತರಿಸುವ ಸಂಗತಿ ಇನ್ನೊಂದಿಲ್ಲ, ಏಕೆಂದರೆ ಹಲವರಿಗೆ ಅದರ ಅಗತ್ಯವೇ ಇರುವುದಿಲ್ಲ. ವಿಂಡೋಸ್ 8 ಅಥವಾ ಅದರ ನಂತರದ ಆವೃತ್ತಿಯೊಂದಿಗೇ ಮಾರಾಟವಾದ ಲ್ಯಾಪ್‌ಟಾಪ್‌ಗಳಲ್ಲಿ ಪರವಾನಗಿಯ ಕೀಲಿ ಮದರ್‌ಬೋರ್ಡ್‌ನಲ್ಲೇ ಅಡಕವಾಗಿರುತ್ತದೆ. ಅದೇ ಆವೃತ್ತಿ, ವಿಂಡೋಸ್ ಹೋಮ್ ಇದ್ದರೆ ಹೋಮ್, ಹಾಕಿದರೆ ಇಂಟರ್ನೆಟ್ ಸಿಕ್ಕ ಕೂಡಲೇ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಹೋಮ್ ಇದ್ದ ಯಂತ್ರಕ್ಕೆ ಪ್ರೊ ಹಾಕಿ, ಆಮೇಲೆ ಆಕ್ಟಿವೇಟರ್ ಹುಡುಕುವುದು ನಡೆಯುತ್ತಲೇ ಇದೆ. ಯಂತ್ರ ಒಪ್ಪಿಸುವ ಮೊದಲು ಸಿಸ್ಟಮ್ ಮಾಹಿತಿಯಲ್ಲಿ ಯಾವ ಆವೃತ್ತಿ ಇದೆ ಎಂದು ಫೋಟೋ ತೆಗೆದುಕೊಳ್ಳಿ, ಬ್ರೌಸರ್‌ನ ಖಾತೆಗಳಿಂದ ಹೊರಬನ್ನಿ. ವಾಪಸ್ ತಂದ ದಿನ ಎಕ್ಸ್‌ಕ್ಲೂಷನ್ಸ್ ಪಟ್ಟಿಯನ್ನು ತೆರೆದು ನೋಡಿ, ಅದು ಖಾಲಿ ಇರಬೇಕು.